ರಿಪೋರ್ಟ್ ನಾರ್ಮಲ್, ನೋವು ಹಾಗೇ ಇದೆ

2025ರ ಜೂನ್ ತಿಂಗಳಲ್ಲಿ ಬೆಳಗಾದರೆ ಹಾಸನದಿಂದ ಸಾವಿನ ಸುದ್ದಿ. ಸುಮಾರು 40 ದಿನಗಳಲ್ಲಿ 20ಕ್ಕೂ ಹೆಚ್ಚು ಮಂದಿ ಹಠಾತ್ತನೆ ತೀರಿಕೊಂಡಿದ್ದರು, ಅವರಲ್ಲಿ ಎಳೆಯ ವಯಸ್ಸಿನವರೂ ಇದ್ದರು. ಬೆಂಗಳೂರಿನಿಂದ ಹಾಸನಕ್ಕೆ ಹೋಗುವ ಹೆದ್ದಾರಿ ನಮ್ಮ ತುಮಕೂರು ಜಿಲ್ಲೆಯ ಕುಣಿಗಲ್ ಮೇಲೆಯೇ ಹಾಯುತ್ತದೆ. ಸುದ್ದಿಯ ಹಿಂದೆ ಭಯವೂ ಅದೇ ದಾರಿಯಲ್ಲಿ ಬಂತು. ಬೆಂಗಳೂರು, ಮೈಸೂರಿನ ಜಯದೇವ ಆಸ್ಪತ್ರೆಗಳ ಮುಂದೆ ತಪಾಸಣೆಗೆ ಜನ ಮುಗಿಬಿದ್ದರು. 2021ರ ಅಕ್ಟೋಬರ್ 29ರಂದು 46 ವರ್ಷದ ನಟ ಪುನೀತ್ ರಾಜ್‌ಕುಮಾರ್ ಹೋದಾಗಲೂ ಹೀಗೇ ಆಗಿತ್ತು. ಎದೆಯಲ್ಲಿ ಎಂದೂ ಒಂದು ಚಳುಕು ಕಾಣದ ಹುಡುಗರು ಕೂಡ ಇಸಿಜಿ ಮಾಡಿಸಿಕೊಂಡು, ನಾರ್ಮಲ್ ಎಂದು ಬರೆಸಿಕೊಂಡು, ನಿಟ್ಟುಸಿರು ಬಿಟ್ಟು ಮನೆಗೆ ಹೋದರು.

ಹಾಸನದ ಸಾವುಗಳನ್ನು ಪರಿಶೀಲಿಸಲು ಸರ್ಕಾರ ಜಯದೇವ ಸಂಸ್ಥೆಯ ಆಗಿನ ನಿರ್ದೇಶಕ ಡಾ. ಕೆ.ಎಸ್. ರವೀಂದ್ರನಾಥ್ ಅಧ್ಯಕ್ಷತೆಯಲ್ಲಿ ಸಮಿತಿ ಮಾಡಿತು. ಹೃದಯದ ಕಾಯಿಲೆ ಅಸಹಜವಾಗಿ ಏರಿದೆ ಎನ್ನಲು ಆಧಾರವಿಲ್ಲ ಎಂದು ಸಮಿತಿ ಹೇಳಿತು. ಗಲಾಟೆ ಅಲ್ಲಿಗೆ ತಣ್ಣಗಾಯಿತು. ನನಗೆ ಮಾತ್ರ ಆ ತಪಾಸಣೆಯ ಸಾಲಿನಲ್ಲಿ ನಿಲ್ಲದವರ ಚಿಂತೆ. ಎದೆ ನಿಜವಾಗಿಯೂ ನೋಯುತ್ತಿದ್ದು, ಈಗಾಗಲೇ ಮೂರು ಕಡೆ ತೋರಿಸಿ, ಮೂರೂ ಕಡೆ ‘ಏನೂ ಇಲ್ಲ’ ಅನ್ನಿಸಿಕೊಂಡು ಸುಮ್ಮನಾದವರು ಅವರು.

ಅಂಥವರನ್ನು ಗುರುತಿಸುವುದು ಕಷ್ಟವಲ್ಲ. ತುಮಕೂರಿನ ಯಾವ ಆಸ್ಪತ್ರೆಯ ಹೊರರೋಗಿ ವಿಭಾಗದಲ್ಲಾದರೂ ಅರ್ಧ ಗಂಟೆ ಕುಳಿತರೆ ಕಾಣಸಿಗುತ್ತಾರೆ. ತೊಡೆಯ ಮೇಲೆ ಬಟ್ಟೆ ಅಂಗಡಿಯ ಪ್ಲಾಸ್ಟಿಕ್ ಕವರ್, ಅದರೊಳಗೆ ಎಕ್ಸ್‌ರೇ, ಎಕೋ ರಿಪೋರ್ಟು, ಸುರುಳಿಯಾಗಿ ಮಡಚಿದ ಇಸಿಜಿ ಕಾಗದ. ಗುಬ್ಬಿಯಿಂದ ಬಂದವರಿಗೆ 20 ಕಿಲೋಮೀಟರ್ ದಾರಿ. ಕುಣಿಗಲ್‌ನವರಿಗೆ ತುಮಕೂರು ಸುಮಾರು 35, ಬೆಂಗಳೂರು 70 ಕಿಲೋಮೀಟರ್. ಹೀಗಾಗಿ ಅವರ ಮನೆಗಳಲ್ಲಿ ಮೊದಲು ನಡೆಯುವುದು ಎತ್ತ ಹೋಗುವುದು ಎಂಬ ಚರ್ಚೆ. ಇಬ್ಬರ ಮಾತೂ ಒಂದೇ: ‘ಎಲ್ಲಾ ಮಾಡ್ಸಿದ್ವಿ ಸಾರ್, ಗ್ಯಾಸ್ಟ್ರಿಕ್ ಅಂದ್ರು. ಆದ್ರೆ ಮೆಟ್ಲು ಹತ್ತಿದ್ರೆ ಹಿಡ್ಕೊಂಡಂಗಾಯ್ತದೆ.’

ಎಲ್ಲಾ ಮಾಡಿಸಿದ್ದು ನಿಜ. ಆದರೆ ಒಂದೊಂದು ಪರೀಕ್ಷೆಯೂ ಒಂದೊಂದೇ ಪ್ರಶ್ನೆ ಕೇಳುತ್ತದೆ ಎಂಬುದನ್ನು ಅವರಿಗೆ ಯಾರೂ ಹೇಳಿರುವುದಿಲ್ಲ.

ಇಸಿಜಿಯನ್ನೇ ತೆಗೆದುಕೊಳ್ಳಿ. ಸಾಮಾನ್ಯವಾಗಿ ಆ ಕಾಗದದ ಮೇಲೆ ಮೂಡುವುದು ಹೃದಯದ ಹತ್ತು ಸೆಕೆಂಡಿನ ವಿದ್ಯುತ್ ಚಟುವಟಿಕೆ. ಬೆಳಿಗ್ಗೆ ಐದಕ್ಕೆ ಎದೆ ಹಿಂಡಿ, ಬಸ್ಸು ಹಿಡಿದು ಬರುವಷ್ಟರಲ್ಲಿ ನೋವು ಇಳಿದಿದ್ದರೆ, ಹನ್ನೊಂದು ಗಂಟೆಯ ಆ ಹತ್ತು ಸೆಕೆಂಡಿನಲ್ಲಿ ಏನೂ ಕಾಣದಿರಬಹುದು. ಹೃದಯಾಘಾತ ಆಗುತ್ತಿರುವವರಲ್ಲೇ ಮೊದಲ ಇಸಿಜಿ ಸರಿಯಾಗಿ ಬರುವುದುಂಟು. ಅದಕ್ಕೇ ನೋವು ಮುಂದುವರಿದರೆ ಸ್ವಲ್ಪ ಹೊತ್ತು ಬಿಟ್ಟು ಮತ್ತೆ ತೆಗೆಯಬೇಕು ಎನ್ನುವುದು. ಟ್ರೋಪೋನಿನ್ ಎಂಬ ರಕ್ತಪರೀಕ್ಷೆಯದೂ ಇದೇ ಕಥೆ. ಹೃದಯದ ಸ್ನಾಯು ಪೆಟ್ಟು ತಿಂದ ಮೇಲೆ ರಕ್ತಕ್ಕೆ ಸೋರುವ ಪ್ರೋಟೀನ್ ಅದು, ಏರಲು ಗಂಟೆಗಳು ಬೇಕು. ನೋವು ಶುರುವಾದ ಅರ್ಧ ಗಂಟೆಗೆ ಮಾಡಿಸಿ ‘ನೆಗೆಟಿವ್’ ಬಂತೆಂದು ಎದ್ದು ಹೋಗುವಂತಿಲ್ಲ; ಕೆಲವು ಗಂಟೆ ಬಿಟ್ಟು ಎರಡನೇ ಸಲ ನೋಡಿದರೇ ಅದಕ್ಕೊಂದು ಅರ್ಥ. ಎಕೋ ತೋರಿಸುವುದು ಸ್ನಾಯು ಹೇಗೆ ಬಡಿಯುತ್ತಿದೆ, ಕವಾಟಗಳು ಸರಿ ಇವೆಯೇ ಎಂಬುದನ್ನು. ರಕ್ತನಾಳದಲ್ಲಿ ಕಟ್ಟಿಕೊಂಡ ಕೊಬ್ಬು ಅದರ ಕಣ್ಣಿಗೆ ಬೀಳುವುದಿಲ್ಲ.

ಇನ್ನು ಟ್ರೆಡ್‌ಮಿಲ್, ಅಂದರೆ ಜನ ಟಿಎಂಟಿ ಎನ್ನುವುದು. ಅಮೆರಿಕದ ರಾಬರ್ಟ್ ಬ್ರೂಸ್ 1963ರಲ್ಲಿ ರೂಢಿಸಿದ ಕ್ರಮ ಇಂದಿಗೂ ನಡೆಯುತ್ತಿದೆ: ಮೂರು ನಿಮಿಷಕ್ಕೊಮ್ಮೆ ಪಟ್ಟಿಯ ವೇಗವೂ ಏರೂ ಹೆಚ್ಚುತ್ತವೆ, ಹೃದಯ ಬಡಿತ ವಯಸ್ಸಿಗೆ ತಕ್ಕ ಒಂದು ಮಟ್ಟ ಮುಟ್ಟಬೇಕು. ನಮ್ಮ ಕಡೆಯ ಹೆಂಗಸರು ಆ ಯಂತ್ರ ಹತ್ತುವುದನ್ನು ನೋಡಬೇಕು. ಜೀವಮಾನದಲ್ಲಿ ಓಡುವ ಪಟ್ಟಿಯ ಮೇಲೆ ಕಾಲಿಟ್ಟವರಲ್ಲ. ಸೆರಗು ಸಿಕ್ಕಿಸಿ, ಎರಡೂ ಕೈಯಲ್ಲಿ ಕಂಬಿ ಬಿಗಿಹಿಡಿದು, ಎರಡನೇ ಹಂತಕ್ಕೇ ‘ಮಂಡಿ ನೋವು, ಆಗಲ್ಲಪ್ಪ’ ಎಂದು ಇಳಿಯುತ್ತಾರೆ. ಬಡಿತ ಆ ಮಟ್ಟ ಮುಟ್ಟದಿದ್ದರೆ ಪರೀಕ್ಷೆ ಪೂರ್ತಿಯಾಗಿಲ್ಲ ಎಂದಷ್ಟೇ ಲೆಕ್ಕ. ಆದರೆ ಮನೆಗೆ ತಲುಪುವಷ್ಟರಲ್ಲಿ ಅದು ‘ಟಿಎಂಟಿ ಪಾಸ್’ ಆಗಿರುತ್ತದೆ. ಪೂರ್ತಿ ಓಡಿದರೂ ಹೆಂಗಸರಲ್ಲಿ ಇದು ಇಲ್ಲದ ದೋಷ ತೋರಿಸುವುದು ಗಂಡಸರಿಗಿಂತ ಹೆಚ್ಚು.

ನಿಜವಾಗಿಯೂ ಪಾಸಾದವರ ಗತಿ? ಅಮೆರಿಕದ ಹೆಸರಾಂತ ಟಿವಿ ಪತ್ರಕರ್ತ ಟಿಮ್ ರಸರ್ಟ್ 2008ರ ಏಪ್ರಿಲ್ ಕೊನೆಯಲ್ಲಿ ಟ್ರೆಡ್‌ಮಿಲ್ ಪರೀಕ್ಷೆ ಮಾಡಿಸಿಕೊಂಡಿದ್ದರು, ಫಲಿತಾಂಶ ಚೆನ್ನಾಗಿತ್ತು. ಜೂನ್ 13ರಂದು ಕಚೇರಿಯಲ್ಲೇ ಕುಸಿದು ತೀರಿಕೊಂಡರು, ವಯಸ್ಸು 58. ಪರೀಕ್ಷೆ ಮಾಡಿದವರು ತಪ್ಪಿದರೆಂದಲ್ಲ. ನಾಳ ಮುಕ್ಕಾಲು ಪಾಲು ಕಿರಿದಾಗಿದ್ದರೆ ಓಡುವಾಗ ರಕ್ತ ಸಾಲದೆ ಇಸಿಜಿ ಬದಲಾಗುತ್ತದೆ. ಆದರೆ ಅನೇಕ ಹೃದಯಾಘಾತಗಳು ಅಷ್ಟು ಕಿರಿದಾಗದ ಜಾಗದಲ್ಲೇ ಶುರುವಾಗುತ್ತವೆ. ಅಲ್ಲಿನ ಕೊಬ್ಬಿನ ಪದರ ಬಿರಿದು, ಅದರ ಮೇಲೆ ರಕ್ತ ಹೆಪ್ಪುಗಟ್ಟಿ, ಕೆಲವೇ ನಿಮಿಷದಲ್ಲಿ ನಾಳ ಮುಚ್ಚಿಹೋಗುತ್ತದೆ. ಆ ಪದರ ಯಾವ ದಿನ ಬಿರಿಯುತ್ತದೆ ಎಂದು ಹೇಳುವ ಯಂತ್ರ ತುಮಕೂರಿನಲ್ಲೂ ಇಲ್ಲ, ನ್ಯೂಯಾರ್ಕಿನಲ್ಲೂ ಇಲ್ಲ.

ಕೊನೆಯ ಮಾತು ಆಂಜಿಯೋಗ್ರಾಂನದು ಎಂಬ ನಂಬಿಕೆ ನಮ್ಮಲ್ಲಿ ಗಟ್ಟಿಯಾಗಿದೆ. ಹೊಲ ಅಡವಿಟ್ಟಾದರೂ ಅದೊಂದು ಮಾಡಿಸಿಬಿಡೋಣ ಎನ್ನುವ ಮಕ್ಕಳಿದ್ದಾರೆ. ಆದರೆ ಅದು ತೋರಿಸುವುದು ದೊಡ್ಡ ನಾಳಗಳ ಒಳಗಿನ ಜಾಗವನ್ನು ಮಾತ್ರ. ಊರಿನ ಹೆದ್ದಾರಿ ನೋಡಿ ಓಣಿಗಳ ಸ್ಥಿತಿ ಹೇಳಿದ ಹಾಗೆ. ಅರ್ಧ ಮಿಲಿಮೀಟರ್‌ಗಿಂತ ಸಣ್ಣ ನಾಳಗಳು ಆ ಚಿತ್ರದಲ್ಲಿ ಕಾಣುವುದೇ ಇಲ್ಲ, ಸ್ನಾಯುವಿಗೆ ರಕ್ತ ಎಷ್ಟು ಹೋಗಬೇಕೆಂದು ನಿಯಂತ್ರಿಸುವುದು ಬಹುಪಾಲು ಅವೇ. ಅಮೆರಿಕದಲ್ಲಿ ಮೊದಲಿಗೆ ಹೃದ್ರೋಗವಿದೆಯೆಂದು ಗೊತ್ತಿರದ ಸುಮಾರು 4 ಲಕ್ಷ ಜನರ ಆಂಜಿಯೋಗ್ರಾಂ ಲೆಕ್ಕ 2010ರಲ್ಲಿ ಪ್ರಕಟವಾಯಿತು. ಗಣನೀಯ ಅಡ್ಡಿ ಸಿಕ್ಕಿದ್ದು 100ಕ್ಕೆ 38 ಜನರಲ್ಲಿ. ಉಳಿದವರ ನೋವೆಲ್ಲ ಸುಳ್ಳೇ?

ಅಲ್ಲ ಎಂಬುದಕ್ಕೆ ಸ್ಕಾಟ್ಲೆಂಡಿನಿಂದ ಒಂದು ಉತ್ತರ ಬಂತು. ಎದೆನೋವಿದ್ದೂ ದೊಡ್ಡ ನಾಳಗಳು ತೆರೆದಿದ್ದ 151 ಮಂದಿಯನ್ನು ಅಲ್ಲಿನ ವೈದ್ಯರು ಇನ್ನೊಂದು ಹೆಜ್ಜೆ ಮುಂದೆ ಹೋಗಿ ಪರೀಕ್ಷಿಸಿದರು. ಸೂಕ್ಷ್ಮ ತಂತಿ ಇಳಿಸಿ ಸಣ್ಣ ನಾಳಗಳ ತಡೆಯನ್ನು ಅಳೆದರು, ಔಷಧಿ ಕೊಟ್ಟು ನಾಳ ಸೆಟೆದುಕೊಳ್ಳುತ್ತದೆಯೇ ಎಂದು ನೋಡಿದರು. 2018ರಲ್ಲಿ ಹೊರಬಂದ ಫಲಿತಾಂಶದಲ್ಲಿ ಹೆಚ್ಚಿನವರಿಗೆ ಒಂದಲ್ಲ ಒಂದು ದೋಷ ಇದ್ದೇ ಇತ್ತು. ಅದನ್ನು ತಿಳಿದು ತಕ್ಕ ಮಾತ್ರೆ ಕೊಟ್ಟಾಗ ಅವರ ನೋವು ಕಡಿಮೆಯಾಯಿತು, ದಿನದ ಬದುಕು ಸುಧಾರಿಸಿತು. ಈ ಸಣ್ಣ ನಾಳಗಳ ತೊಂದರೆ ಹೆಚ್ಚಾಗಿ ಹೆಂಗಸರದ್ದು, ಅದರಲ್ಲೂ ಮುಟ್ಟು ನಿಲ್ಲುವ ವಯಸ್ಸಿನವರದ್ದು. ‘ಮನೆ ಯೋಚನೆ ಜಾಸ್ತಿ ಮಾಡ್ಬೇಡಮ್ಮ’ ಎಂದು ಒಂದು ನಿದ್ದೆ ಮಾತ್ರೆ ಕೊಟ್ಟು ಕಳಿಸುವುದೂ ಹೆಚ್ಚಾಗಿ ಇವರನ್ನೇ. ಆ ತಂತಿಯ ಪರೀಕ್ಷೆ ನಮ್ಮ ಜಿಲ್ಲೆಯಲ್ಲಿ ವಾಡಿಕೆಯಲ್ಲಿಲ್ಲ, ಇರಲಿ. ಹಾಗೊಂದು ಕಾಯಿಲೆ ಇದೆ ಎಂದು ಒಪ್ಪಿಕೊಳ್ಳಲು ದುಬಾರಿ ತಂತಿಯೇನೂ ಬೇಕಿಲ್ಲ.

ಹೃದಯಕ್ಕೆ ಸಂಬಂಧವೇ ಇಲ್ಲದ ಎದೆನೋವೂ ಬೇಕಾದಷ್ಟಿದೆ. ಅನ್ನನಾಳಕ್ಕೆ ಹುಳಿ ಉಕ್ಕುವುದು, ಅನ್ನನಾಳ ಸೆಟೆದುಕೊಳ್ಳುವುದು, ಪಿತ್ತಕೋಶದ ಕಲ್ಲು. ಗುಬ್ಬಿ ಕಡೆ ಅಡಿಕೆ ಗೊನೆ ಇಳಿಸುವವರಿಗೆ, ತೆಂಗಿನಕಾಯಿ ಚೀಲ ಹೊರುವವರಿಗೆ ಪಕ್ಕೆಲುಬು ಎದೆಮೂಳೆಗೆ ಸೇರುವ ಕಡೆ ಊತ ಬಂದು ನೋಯುತ್ತದೆ. ಇವರು ನೋವನ್ನು ಒಂದು ಬೆರಳಿಟ್ಟು ತೋರಿಸುತ್ತಾರೆ, ಅಲ್ಲಿ ಒತ್ತಿದರೆ ‘ಹಾ, ಅಲ್ಲೇ’ ಅನ್ನುತ್ತಾರೆ. ಹೃದಯದ ನೋವಿನವರು ಸಾಮಾನ್ಯವಾಗಿ ಅಂಗೈ ಇಡುತ್ತಾರೆ, ಇಲ್ಲವೇ ಮುಷ್ಟಿ ಬಿಗಿದು ಎದೆಗೆ ಹಿಡಿಯುತ್ತಾರೆ. ಇದೂ ಪಕ್ಕಾ ಲೆಕ್ಕವಲ್ಲ, ಆದರೆ ಒಳ್ಳೆಯ ವೈದ್ಯರು ಮೊದಲು ನೋಡುವುದು ಆ ಕೈಯನ್ನೇ. ಸರ್ಪಸುತ್ತಿನದು ಇನ್ನೂ ವಿಚಿತ್ರ: ಗುಳ್ಳೆ ಏಳುವ ಕೆಲವು ದಿನ ಮೊದಲೇ ಎದೆಯ ಒಂದು ಪಕ್ಕ ಉರಿದು ಚುಚ್ಚುತ್ತದೆ. ಇಸಿಜಿ, ಎಕೋ ಎಲ್ಲ ಮುಗಿದ ಮೇಲೆ ಒಂದು ಬೆಳಿಗ್ಗೆ ಗುಳ್ಳೆ ಕಾಣಿಸಿಕೊಂಡು ಗುಟ್ಟು ಬಯಲಾಗುತ್ತದೆ. ಇನ್ನು ಬರೀ ಭಯದಿಂದಲೇ ಎದೆ ಬಿಗಿದು, ಬೆರಳು ಜೋಮು ಹಿಡಿದು, ಉಸಿರು ಸಾಲದಂತಾಗುವುದುಂಟು. ಅಮೆರಿಕದ ಅಂತರ್ಯುದ್ಧದ ಸೈನಿಕರಲ್ಲಿ ಇಂಥದ್ದನ್ನು ಡಾ ಕೋಸ್ಟಾ ಎಂಬ ವೈದ್ಯ 1871ರಲ್ಲೇ ಬರೆದಿಟ್ಟಿದ್ದ. ಹಾಸನದ ಸುದ್ದಿ ನೋಡಿ ರಾತ್ರಿಯಿಡೀ ನಾಡಿ ಎಣಿಸಿಕೊಂಡು ಕುಳಿತವರಿಗೆ ಆ ನೋವಿನ ಪರಿಚಯವಿದೆ.

ಇಷ್ಟೆಲ್ಲ ಇದೆಯೆಂದು ಎಲ್ಲವನ್ನೂ ಗ್ಯಾಸ್ಟ್ರಿಕ್ ಖಾತೆಗೆ ಬರೆಯುವುದು ನಮ್ಮ ಕಡೆಯ ದೊಡ್ಡ ಅಪಾಯ. ಎದೆ ಉರಿ ಅಂದರೆ ಒಂದು ಸೋಡಾ, ಒಂದು ಈನೋ, ಮೆಡಿಕಲ್ ಶಾಪಿನವರು ಕೊಟ್ಟ ಒಂದು ಮಾತ್ರೆ. ತೇಗು ಬಂದು ಹಗುರಾದರೆ ‘ಗ್ಯಾಸೇ ಇದು’ ಎಂದು ತೀರ್ಪು. ಹೃದಯದ ನೋವೂ ಕೆಲಹೊತ್ತಿಗೆ ತಾನೇ ಇಳಿಯುತ್ತದೆ, ಹೆಸರು ಮಾತ್ರ ಸೋಡಾಕ್ಕೆ ಬರುತ್ತದೆ. ಸಕ್ಕರೆ ಕಾಯಿಲೆ ಇರುವವರಲ್ಲಿ ಎದೆನೋವೇ ಇಲ್ಲದೆ ಬರೀ ಬೆವರು, ಸುಸ್ತು, ದಮ್ಮು ಬರಬಹುದು. ಹೊಟ್ಟೆಯ ಮೇಲ್ಭಾಗ ಹಿಡಿದುಕೊಂಡು ವಾಂತಿಯಾದರೂ ಅದು ಹೃದಯದ್ದೇ ಇರಬಹುದು.

ಸರ್ಕಾರದ ಕಡೆಯಿಂದ ಒಂದು ಒಳ್ಳೆಯ ಕೆಲಸವಾಗಿದೆ. 2023ರ ನವೆಂಬರ್‌ನಲ್ಲಿ ಶುರುವಾದ ಡಾ. ಪುನೀತ್ ರಾಜ್‌ಕುಮಾರ್ ಹೃದಯ ಜ್ಯೋತಿ ಯೋಜನೆಯಲ್ಲಿ ಸಣ್ಣ ಊರಿನ ಆಸ್ಪತ್ರೆಯಲ್ಲಿ ತೆಗೆದ ಇಸಿಜಿಯನ್ನು ದೊಡ್ಡ ಆಸ್ಪತ್ರೆಯ ತಜ್ಞರು ಕೂಡಲೇ ನೋಡುತ್ತಾರೆ. ಹೃದಯಾಘಾತ ಖಚಿತವಾದರೆ ಹೆಪ್ಪು ಕರಗಿಸುವ ಟೆನೆಕ್ಟೆಪ್ಲೇಸ್ ಚುಚ್ಚುಮದ್ದು ಅಲ್ಲೇ ಉಚಿತವಾಗಿ ಸಿಗುತ್ತದೆ. ಹೊರಗೆ ಕೊಂಡರೆ ಹತ್ತಾರು ಸಾವಿರ ರೂಪಾಯಿ. ಆದರೆ ಆ ಮದ್ದು ಇಸಿಜಿಯಲ್ಲಿ ಎದ್ದು ಕಾಣುವ ಹೃದಯಾಘಾತಕ್ಕೆ ಮಾತ್ರ. ಇಸಿಜಿ ಸರಿಯಿದ್ದೂ ನೋವಿರುವವರಿಗೆ ಬೇಕಾದದ್ದು ಒಂದು ಹಾಸಿಗೆ, ಆರು ಗಂಟೆ ಸಮಯ, ಎರಡನೇ ಇಸಿಜಿ, ಎರಡನೇ ಟ್ರೋಪೋನಿನ್. ಪ್ರತಿ ತಾಲ್ಲೂಕು ಆಸ್ಪತ್ರೆಯಲ್ಲಿ ಹಗಲೂ ರಾತ್ರಿ ಇಷ್ಟು ಸಿಗಬೇಕು. ಕುಣಿಗಲ್‌ನವರು ಇದನ್ನು ಕೇಳಲು ದೂರ ಹೋಗಬೇಕಿಲ್ಲ. ಅವರ ತಾಲ್ಲೂಕು ಸೇರಿರುವ ಬೆಂಗಳೂರು ಗ್ರಾಮಾಂತರ ಕ್ಷೇತ್ರದಿಂದ 2024ರಲ್ಲಿ ಲೋಕಸಭೆಗೆ ಗೆದ್ದವರು ಜಯದೇವ ಸಂಸ್ಥೆಯನ್ನು ವರ್ಷಗಟ್ಟಲೆ ನಡೆಸಿದ ಡಾ. ಸಿ.ಎನ್. ಮಂಜುನಾಥ್.

ಕೇಳುವ ಕೆಲಸ ರೋಗಿಯದ್ದೂ ಹೌದು. ‘ನಾರ್ಮಲ್’ ಎಂದಾಗ ಕವರ್ ಮಡಚಿ ಏಳಬೇಡಿ. ‘ಯಾವುದು ಇಲ್ಲ ಅಂತ ಗೊತ್ತಾಯ್ತು ಡಾಕ್ಟ್ರೇ? ಇನ್ನೂ ಯಾವುದು ಇರಬಹುದು? ಮತ್ತೆ ನೋವು ಬಂದರೆ ಏನು ಮಾಡಲಿ?’ ಎಂದು ಕೇಳಿ. ನೋವು ನಡೆಯುವಾಗ ಬರುತ್ತದೋ, ಮಲಗಿದಾಗಲೋ, ಉಂಡ ಮೇಲೋ, ಎಷ್ಟು ನಿಮಿಷ ಇರುತ್ತದೆ, ದವಡೆಗೆ, ತೋಳಿಗೆ ಹರಿಯುತ್ತದೆಯೇ ಎಂಬುದನ್ನು ಒಂದು ಚೀಟಿಯಲ್ಲಿ ಬರೆದುಕೊಂಡು ಹೋಗಿ. ಎಷ್ಟೋ ಸಲ ಆ ಚೀಟಿ ಯಂತ್ರಕ್ಕಿಂತ ಹೆಚ್ಚು ಹೇಳುತ್ತದೆ. ಇಸಿಜಿ ಕಾಗದದ ಫೋಟೋವನ್ನು ಅಂದೇ ಮೊಬೈಲಿನಲ್ಲಿ ತೆಗೆದಿಟ್ಟುಕೊಳ್ಳಿ. ಶಾಖಕ್ಕೆ ಮೂಡುವ ಅಕ್ಷರ ಅದು, ಕೆಲವು ವರ್ಷದಲ್ಲಿ ಅಳಿಸಿಹೋಗುತ್ತದೆ, ಮುಂದಿನ ವೈದ್ಯರಿಗೆ ಹೋಲಿಸಿ ನೋಡಲು ಹಳೆಯದು ಬೇಕೇ ಬೇಕು. ಎದೆ ಹಿಂಡಿದಂತಾಗಿ, ಬೆವರು ಒಡೆದು ಹತ್ತು ಹದಿನೈದು ನಿಮಿಷಕ್ಕೂ ಇಳಿಯದಿದ್ದರೆ, ಮೊನ್ನೆಯ ರಿಪೋರ್ಟ್ ಎಷ್ಟೇ ಚೆನ್ನಾಗಿರಲಿ, ಬೈಕ್ ಹತ್ತಬೇಡಿ, ಸೋಡಾ ಹುಡುಕಬೇಡಿ. 108ಕ್ಕೆ ಕರೆ ಮಾಡಿ, ಇಸಿಜಿ ಇರುವ ಹತ್ತಿರದ ಆಸ್ಪತ್ರೆಗೆ ಹೋಗಿ.