ಬೋರ್ಡೊದಿಂದ ಪ್ಯಾರಿಸ್‌ಗೆ: ನಿಂತುಹೋದ ಒಂದು ಸೈಕಲ್ ಓಟದ ಕಥೆ

ಕಲಬುರಗಿಯಿಂದ ಬೆಂಗಳೂರಿಗೆ ರಾತ್ರಿ ಬಸ್ಸು ಹತ್ತಿದವರಿಗೆ ಆ ದೂರದ ಅಂದಾಜು ಇರುತ್ತದೆ. ಭೀಮಾ ನದಿ ದಾಟಿ, ಜೇವರ್ಗಿ ಹಿಂದೆ ಬಿಟ್ಟು, ಒಂದು ನಿದ್ದೆ ಮುಗಿಸಿ ಎದ್ದರೂ ಊರು ಬಂದಿರುವುದಿಲ್ಲ. ಸರಿಸುಮಾರು ಅಷ್ಟೇ ದೂರವನ್ನು ನಡುವೆ ಮಲಗದೆ, ಒಂದೇ ಓಟದಲ್ಲಿ ಸೈಕಲ್ ತುಳಿದು ಮುಗಿಸುವ ಸ್ಪರ್ಧೆಯೊಂದು ಫ್ರಾನ್ಸ್ ದೇಶದಲ್ಲಿತ್ತು. ನೈರುತ್ಯದ ಬೋರ್ಡೊ ನಗರದಿಂದ ರಾಜಧಾನಿ ಪ್ಯಾರಿಸ್‌ವರೆಗೆ ಸುಮಾರು 560 ಕಿಲೋಮೀಟರ್. 1891ರಲ್ಲಿ ಆರಂಭವಾದ ಈ ಓಟ 1988ರಲ್ಲಿ ನಿಂತಿತು. ಸುಮಾರು ನೂರು ವರ್ಷ ಬಾಳಿದ, ಎರಡು ಮಹಾಯುದ್ಧಗಳ ನಂತರವೂ ಮತ್ತೆ ಎದ್ದು ನಿಂತ ಪಂದ್ಯ ಕೊನೆಗೆ ಏಕೆ ಸತ್ತಿತು? ಉತ್ತರದಲ್ಲಿ ಬರೀ ಕ್ರೀಡೆಯ ಸಂಗತಿಯಷ್ಟೇ ಇಲ್ಲ.

ಪತ್ರಿಕೆಗಳ ಪೈಪೋಟಿ

ರಸ್ತೆ ಸೈಕಲ್ ಓಟಗಳನ್ನು ಹುಟ್ಟಿಸಿದ್ದು ರಾಜರೂ ಅಲ್ಲ, ಸರ್ಕಾರಗಳೂ ಅಲ್ಲ, ಪತ್ರಿಕೆಗಳು. 1869ರ ನವೆಂಬರಿನಲ್ಲಿ ಪ್ಯಾರಿಸ್‌ನಿಂದ ರೂವಾಂ ಪಟ್ಟಣಕ್ಕೆ ನಡೆದ 123 ಕಿ.ಮೀ. ಓಟದ ಹಿಂದೆಯೂ ಒಂದು ಪತ್ರಿಕೆಯೇ ಇತ್ತು. ಕಲಬುರಗಿಯಿಂದ ಅಫಜಲಪುರಕ್ಕೆ ಹೋಗಿ ಬಂದರೆ ಹೆಚ್ಚುಕಡಿಮೆ ಇಷ್ಟೇ ದೂರ. ಗಾಳಿ ತುಂಬಿದ ಟಯರು ಇಲ್ಲದ ಆ ಕಾಲದ ಗಡಸು ಸೈಕಲ್ ಮೇಲೆ ಗೆದ್ದ ಜೇಮ್ಸ್ ಮೂರ್ ಎಂಬ ಇಂಗ್ಲಿಷ್ ಯುವಕನಿಗೆ ಹತ್ತು ಗಂಟೆಗೂ ಹೆಚ್ಚು ಹೊತ್ತು ಹಿಡಿಯಿತು.

1888ರಲ್ಲಿ ಡನ್ಲಪ್ ಗಾಳಿ ಟಯರನ್ನು ತಂದ ಮೇಲೆ ಸೈಕಲ್ಲಿನ ವೇಗವೂ ಮಾರಾಟವೂ ಏರಿದವು. ಸೈಕಲ್ ಕಂಪನಿಗಳಿಗೆ ಜಾಹೀರಾತು ಬೇಕಿತ್ತು, ಪತ್ರಿಕೆಗಳಿಗೆ ಓದುಗರು ಬೇಕಿತ್ತು. ದೂರದ ಓಟ ಇಬ್ಬರಿಗೂ ಒದಗಿತು. 1891ರ ಮೇ 23ರಂದು ಬೋರ್ಡೊದ ‘ವೆಲೋಸ್ ಸ್ಪೋರ್’ ಪತ್ರಿಕೆಯ ಮುಂದಾಳುತನದಲ್ಲಿ ಮೊದಲ ಬೋರ್ಡೊ–ಪ್ಯಾರಿಸ್ ಓಟ ನಡೆಯಿತು. ಇಷ್ಟು ದೂರ ಬರುವವರು ದಾರಿಯಲ್ಲಿ ಮಲಗಲೇಬೇಕು ಎಂದು ಸಂಘಟಕರು ಊರೂರಲ್ಲಿ ಹಾಸಿಗೆ ಸಿದ್ಧಪಡಿಸಿದ್ದರು. ಇಂಗ್ಲೆಂಡಿನ ಜಿ.ಪಿ. ಮಿಲ್ಸ್ ಹಾಸಿಗೆಯ ಕಡೆ ನೋಡಲೇ ಇಲ್ಲ. 26 ಗಂಟೆ 34 ನಿಮಿಷಗಳಲ್ಲಿ ಪ್ಯಾರಿಸ್ ತಲುಪಿದ. ಮೊದಲ ನಾಲ್ಕೂ ಸ್ಥಾನ ಇಂಗ್ಲಿಷರ ಪಾಲಾದವು. ಅತಿಥೇಯ ಫ್ರೆಂಚರಿಗೆ ಸಿಕ್ಕಿದ್ದು ಐದನೆಯ ಸ್ಥಾನ.

ಇದರ ಸದ್ದು ಕೇಳಿದ ಪ್ಯಾರಿಸ್‌ನ ‘ಲ ಪೆತಿ ಜುರ್ನಾಲ್’ ಪತ್ರಿಕೆ ಸುಮ್ಮನಿರಲಿಲ್ಲ. ಅದೇ ವರ್ಷ ಸೆಪ್ಟೆಂಬರಿನಲ್ಲಿ ಪ್ಯಾರಿಸ್–ಬ್ರೆಸ್ಟ್–ಪ್ಯಾರಿಸ್ ಎಂಬ 1,200 ಕಿ.ಮೀ. ಓಟವನ್ನೇ ಏರ್ಪಡಿಸಿತು. ಈ ಪೈಪೋಟಿಯ ಮುಂದಿನ ಕೂಸೇ 1903ರಲ್ಲಿ ‘ಲೋಟೋ’ ಪತ್ರಿಕೆ ಆರಂಭಿಸಿದ ಟೂರ್ ಡಿ ಫ್ರಾನ್ಸ್. ಮೊದಲ ಟೂರ್ ಗೆದ್ದ ಮೋರಿಸ್ ಗರಾನ್, ಹಿಂದಿನ ವರ್ಷವಷ್ಟೇ ಬೋರ್ಡೊ–ಪ್ಯಾರಿಸ್ ಗೆದ್ದಿದ್ದ.

ಗಾಳಿ ತಡೆಯುವವನು

ಈ ಓಟದ ವೈಶಿಷ್ಟ್ಯ ಅದರ ದೂರವಷ್ಟೇ ಅಲ್ಲ. ಎದುರುಗಾಳಿಯಲ್ಲಿ ಟ್ರ್ಯಾಕ್ಟರಿನ ಹಿಂದೆ ಸೈಕಲ್ ತುಳಿದ ನಮ್ಮ ಹಳ್ಳಿಯ ಹುಡುಗರಿಗೆ ಅದರ ಗುಟ್ಟು ಗೊತ್ತು. ಸಪಾಟು ರಸ್ತೆಯಲ್ಲಿ ವೇಗವಾಗಿ ಹೋಗುವವನ ಶಕ್ತಿಯ ಬಹುಪಾಲು ಖರ್ಚಾಗುವುದು ಗಾಳಿಯನ್ನು ಸೀಳಲು. ಮುಂದೊಂದು ವಾಹನವಿದ್ದರೆ ಆ ಕೆಲಸವನ್ನು ಅದೇ ಮಾಡುತ್ತದೆ. ಬೋರ್ಡೊ–ಪ್ಯಾರಿಸ್ ಓಟದಲ್ಲಿ ಹೀಗೆ ಮುಂದೆ ಸಾಗುವ ‘ಪೇಸರ್’ಗಳಿಗೆ ಅವಕಾಶವಿತ್ತು. ಮೊದಲು ಸೈಕಲ್ ಸವಾರರು, ಕೆಲವು ವರ್ಷ ಕಾರುಗಳು, ಬಳಿಕ ಮೋಟಾರ್ ಸೈಕಲ್‌ಗಳು ಈ ಕೆಲಸ ಮಾಡಿದವು. 1938ರಿಂದ ‘ಡೆರ್ನಿ’ ಬಂತು. ಇದು ಸಣ್ಣ ಎಂಜಿನ್ ಇದ್ದೂ ಪೆಡಲ್ ತುಳಿಯಬೇಕಾದ ಮೋಟಾರ್ ಸೈಕಲ್.

ನಡುರಾತ್ರಿ ಕಳೆದ ಮೇಲೆ ಬೋರ್ಡೊದಿಂದ ಸವಾರರು ಹೊರಡುತ್ತಿದ್ದರು. ಕತ್ತಲೆಯಲ್ಲಿ ಗುಂಪಾಗಿ ಸಾಗಿ, ಅರ್ಧದಷ್ಟು ದಾರಿ ಕಳೆದ ಮೇಲೆ ತಮಗಾಗಿ ಕಾದಿದ್ದ ಡೆರ್ನಿಗಳನ್ನು ಕೂಡಿಕೊಳ್ಳುತ್ತಿದ್ದರು. ಅಲ್ಲಿಂದ ಪ್ಯಾರಿಸ್‌ವರೆಗೆ ಮುಂದಿನ ಗಾಲಿಗೆ ಅಂಟಿಕೊಂಡಂತೆ ಗಂಟೆಗಟ್ಟಲೆ ತುಳಿತ. ಇದರಿಂದ ಮಿಲ್ಸ್‌ಗೆ ಹಿಡಿದ ಹೊತ್ತಿನ ಅರ್ಧದಷ್ಟರಲ್ಲೇ ಓಟ ಮುಗಿಯುವ ಕಾಲ ಬಂತು. ಬೆಲ್ಜಿಯಂನ ಹರ್ಮನ್ ವಾನ್ ಸ್ಪ್ರಿಂಗೆಲ್ 1970ರಿಂದ 1981ರ ನಡುವೆ ಏಳು ಬಾರಿ ಗೆದ್ದು ‘ಬೋರ್ಡೊ–ಪ್ಯಾರಿಸ್ ಎಂದರೆ ವಾನ್ ಸ್ಪ್ರಿಂಗೆಲ್’ ಎನ್ನುವಂತಾದ.

ಜನ ಇಂದಿಗೂ ನೆನೆಯುವುದು 1965ರ ಓಟವನ್ನು. ಐದು ಬಾರಿ ಟೂರ್ ಗೆದ್ದಿದ್ದ ಜಾಕ್ ಆಂಕ್ತಿಲ್, ಮೇ 29ರಂದು ಆಲ್ಪ್ಸ್ ಸೀಮೆಯ ‘ದೊಫಿನೆ’ ಎಂಬ ಹಲವು ದಿನಗಳ ಓಟವನ್ನು ಗೆದ್ದ. ಅದೇ ಸಂಜೆ ವಿಮಾನದಲ್ಲಿ ಬೋರ್ಡೊಗೆ ಹಾರಿದ. ಸರಿಯಾದ ನಿದ್ದೆಯೂ ಇಲ್ಲದೆ ಅದೇ ರಾತ್ರಿ ಓಟಕ್ಕೆ ನಿಂತ. ಚಳಿಯ ಕತ್ತಲಲ್ಲಿ ಸಾಕಾಗಿ ಬಿಟ್ಟುಬಿಡಲು ಹೊರಟವನನ್ನು ತಂಡದ ಮುಖ್ಯಸ್ಥ ಜೆಮಿನಿಯಾನಿ ಹಂಗಿಸಿ ಮತ್ತೆ ಸೈಕಲ್ ಹತ್ತಿಸಿದನಂತೆ. ಮಧ್ಯಾಹ್ನ ಪ್ಯಾರಿಸ್‌ನಲ್ಲಿ ಆಂಕ್ತಿಲ್ ಮೊದಲಿಗನಾಗಿದ್ದ. ಅವನ ಹಿಂದೆ ಸ್ತಾಬ್ಲಿನ್ಸ್ಕಿ, ಮೂರನೆಯವನಾಗಿ 1963ರಲ್ಲಿ ಇದೇ ಓಟ ಗೆದ್ದಿದ್ದ ಟಾಮ್ ಸಿಂಪ್ಸನ್.

ಹೆಗ್ಗಳಿಕೆಯೇ ಹೊರೆಯಾಯಿತು

ಹೀಗೆ ಹೆಸರು ಮಾಡಿಸಿದ ದೂರ ಮತ್ತು ಡೆರ್ನಿಗಳೇ ಓಟಕ್ಕೆ ಮುಳುವಾದವು. ಇದಕ್ಕೆ ಬೇರೆಯದೇ ತಯಾರಿ ಬೇಕು. ವಾರಗಟ್ಟಲೆ ಮೋಟಾರಿನ ಹಿಂದೆ ಅಭ್ಯಾಸ ಮಾಡಬೇಕು, ಮುಗಿದ ಮೇಲೆ ವಿಶ್ರಾಂತಿ ಪಡೆಯಬೇಕು. ವೃತ್ತಿಪರ ತಂಡಗಳ ವರ್ಷದ ವೇಳಾಪಟ್ಟಿ ತುಂಬುತ್ತ ಹೋದಂತೆ ಒಂದು ದಿನದ ಒಂದು ಗೆಲುವಿಗಾಗಿ ಇಷ್ಟು ದಿನ ಕಳೆಯಲು ಯಾರೂ ಒಪ್ಪಲಿಲ್ಲ. ಹೆಸರಾಂತ ಸವಾರರು ದೂರ ಉಳಿದರು, ಸಾಲು ಚಿಕ್ಕದಾಯಿತು. 1971 ಮತ್ತು 1972ರಲ್ಲಿ ಓಟ ನಡೆಯಲೇ ಇಲ್ಲ.

ಓಟವನ್ನು ಉಳಿಸಲು ಸಂಘಟಕರು 1986ರಿಂದ ಡೆರ್ನಿಗಳನ್ನು ಕೈಬಿಟ್ಟರು. ಇದರಿಂದ ಓಟ ಸುಲಭವಾಗಲಿಲ್ಲ. ಬೇರೆ ಓಟಗಳಂತಾಯಿತು, ಅವಕ್ಕಿಂತ ಎರಡು ಪಟ್ಟು ಉದ್ದವಾಗಿ ಮಾತ್ರ ಉಳಿಯಿತು. ಇದ್ದ ಆಕರ್ಷಣೆಯೂ ಹೋಯಿತು. 1988ರಲ್ಲಿ ಜಾನ್ ಫ್ರಾನ್ಸ್ವಾ ರೋ ಗೆದ್ದದ್ದೇ ಕೊನೆ. ಮರು ವರ್ಷ ಪ್ರಮುಖ ಒಂದು ದಿನದ ಓಟಗಳನ್ನು ಸೇರಿಸಿ ಅಂತರರಾಷ್ಟ್ರೀಯ ಸಂಸ್ಥೆ ‘ವಿಶ್ವಕಪ್’ ಆರಂಭಿಸಿದಾಗ ಈ ಹಿರಿಯಜ್ಜ ಅಲ್ಲಿರಲಿಲ್ಲ. 2014ರಲ್ಲಿ ಹವ್ಯಾಸಿಗಳಿಗಾಗಿ ಅದೇ ಹೆಸರಿನ ಸವಾರಿಯೊಂದು ನಡೆಯಿತಾದರೂ ಹಳೆಯ ಪಂದ್ಯ ಮರಳಲಿಲ್ಲ.

ನಮಗೇನು?

ದೂರದ ಫ್ರಾನ್ಸಿನ ಈ ಕಥೆ ಆಳಂದ, ಅಫಜಲಪುರ, ಜೇವರ್ಗಿಯವರಿಗೆ ಏಕೆ ಎನ್ನಬಹುದು. ಸೈಕಲ್ ನಮಗೆ ಹೊಸದಲ್ಲ. ಊರ ಬಯಲಿನಲ್ಲಿ ಹಲವು ದಿನ ಸೈಕಲ್ಲಿನಿಂದ ಇಳಿಯದೆ ಸುತ್ತುತ್ತ, ಅದರ ಮೇಲೆಯೇ ಊಟ, ಜಳಕ ಮುಗಿಸುತ್ತಿದ್ದ ಸಾಹಸಿಗಳನ್ನು ಹಿರಿಯರು ಇಂದಿಗೂ ನೆನೆಯುತ್ತಾರೆ. ಜಾತ್ರೆಗಳಲ್ಲಿ ಸೈಕಲ್ ಓಟ ಏರ್ಪಡಿಸುವ ರೂಢಿ ಉತ್ತರ ಕರ್ನಾಟಕದಲ್ಲಿ ಬಹಳ ಕಡೆ ಉಂಟು. ಪಕ್ಕದ ವಿಜಯಪುರ, ಬಾಗಲಕೋಟೆಗಳಂತೂ ರಾಷ್ಟ್ರಮಟ್ಟದ ಸವಾರರನ್ನು ಕೊಟ್ಟ ನೆಲ. 2006–07ರಿಂದ ಸರ್ಕಾರ ಎಂಟನೆಯ ತರಗತಿಯ ಮಕ್ಕಳಿಗೆ ಸೈಕಲ್ ಹಂಚತೊಡಗಿದ ಮೇಲೆ ಹಳ್ಳಿಯ ಎಷ್ಟೋ ಹೆಣ್ಣುಮಕ್ಕಳು ಪೆಡಲ್ ತುಳಿದು ಪ್ರೌಢಶಾಲೆ ಕಂಡರು.

ಆದರೆ ಜಾತ್ರೆಯ ಓಟಗಳಲ್ಲಿ ಯಾವ ವರ್ಷ ಯಾರು ಗೆದ್ದರು, ಎಷ್ಟು ಹೊತ್ತಿನಲ್ಲಿ ಬಂದರು ಎಂದು ಬರೆದಿಡುವವರು ಕಡಿಮೆ. ಗೆದ್ದವನ ಕೊರಳಿನ ಹಾರ ಒಣಗುವಷ್ಟರಲ್ಲಿ ಹೆಸರೂ ಮರೆಯಾಗುತ್ತದೆ. 1891ರಲ್ಲಿ ಮಿಲ್ಸ್ ಎಷ್ಟು ನಿಮಿಷಕ್ಕೆ ಬಂದ ಎಂಬುದು ಇಂದು ನಮಗೆ ತಿಳಿದಿರುವುದು, ಅಂದು ಯಾರೋ ಗಡಿಯಾರ ನೋಡಿ ಬರೆದುಕೊಂಡದ್ದರಿಂದ, ಪತ್ರಿಕೆ ಅದನ್ನು ಅಚ್ಚು ಹಾಕಿದ್ದರಿಂದ. ಪಂದ್ಯಗಳು ಹುಟ್ಟುತ್ತವೆ, ನಿಲ್ಲುತ್ತವೆ. ಅದನ್ನು ತಡೆಯುವುದು ಯಾವಾಗಲೂ ನಮ್ಮ ಕೈಯಲ್ಲಿರುವುದಿಲ್ಲ. ಮುಂದಿನ ಜಾತ್ರೆಯ ಓಟದ ದಿನ ಕಮಿಟಿಯವರು ಒಂದು ನೋಟ್‌ಬುಕ್ ಇಟ್ಟುಕೊಳ್ಳುವುದಂತೂ ಕೈಯಲ್ಲಿದೆ.