ನೈಟ್ರಸ್ಸೋ, ಟರ್ಬೋನೋ: ಮಾಮೂಲಿ ಕಾರಿನ ಎಂಜಿನ್ ಯಾವುದನ್ನು ತಾಳೀತು?

ಪೆಟ್ರೋಲ್ ಎಂಜಿನ್ನಿನ ಶಕ್ತಿ ಎಷ್ಟೆಂಬುದನ್ನು ತೀರ್ಮಾನಿಸುವುದು ಅದು ಎಳೆದುಕೊಳ್ಳುವ ಗಾಳಿ. ಒಂದು ಕಿಲೋ ಪೆಟ್ರೋಲ್ ಪೂರ್ತಿಯಾಗಿ ಉರಿಯಲು ಸುಮಾರು 14.7 ಕಿಲೋ ಗಾಳಿ ಬೇಕು. ಇಂಜೆಕ್ಟರಿನಿಂದ ಇನ್ನಷ್ಟು ಪೆಟ್ರೋಲ್ ಚಿಮ್ಮಿಸುವುದು ಸುಲಭ. ಅದನ್ನು ಉರಿಸುವಷ್ಟು ಆಮ್ಲಜನಕವನ್ನು ಸಿಲಿಂಡರಿನೊಳಗೆ ತುಂಬುವುದೇ ಕಷ್ಟದ ಕೆಲಸ. ಪಿಸ್ಟನ್ ಕೆಳಗಿಳಿದಾಗ ಹೊರಗಿನ ಗಾಳಿ ತನ್ನ ಒತ್ತಡದಿಂದ ಎಷ್ಟು ನುಗ್ಗುತ್ತದೋ ಅಷ್ಟೇ ಲೆಕ್ಕ.

ಹೊಸದುರ್ಗ ತಾಲ್ಲೂಕಿನ ಬಾಗೂರು ಮತ್ತು ಸುತ್ತಲಿನ ಊರುಗಳಲ್ಲಿ ಈ ಲೆಕ್ಕ ಇನ್ನೂ ಬಿಗಿಯಾಗುತ್ತದೆ. ಈ ಊರುಗಳಿರುವ ಚಿತ್ರದುರ್ಗ ಸೀಮೆ ಸಮುದ್ರಮಟ್ಟದಿಂದ ಸುಮಾರು 700 ಮೀಟರ್ ಎತ್ತರದಲ್ಲಿದೆ. ಅಲ್ಲಿ ಗಾಳಿಯ ಒತ್ತಡ ಮಂಗಳೂರಿಗಿಂತ ಶೇ 8ರಷ್ಟು ಕಡಿಮೆ. ಬೇಸಿಗೆಯ ಕಾವು ಗಾಳಿಯನ್ನು ಮತ್ತಷ್ಟು ತೆಳುವಾಗಿಸುತ್ತದೆ. 1.2 ಲೀಟರಿನ ಸಣ್ಣ ಕಾರಿನ ಎಂಜಿನ್ ನಿಮಿಷಕ್ಕೆ 6,000 ಸುತ್ತು ತಿರುಗುವಾಗ ಇಲ್ಲಿ ಸೆಕೆಂಡಿಗೆ ಸುಮಾರು 55 ಗ್ರಾಂ ಗಾಳಿಯನ್ನಷ್ಟೇ ಪಡೆಯುತ್ತದೆ. ಅದರಲ್ಲಿ ಆಮ್ಲಜನಕ 13 ಗ್ರಾಂ. ಎಂಜಿನ್ ಬದಲಿಸದೆ ಪಿಕಪ್ ಹೆಚ್ಚಿಸಬೇಕೆಂದರೆ ಈ 13 ಗ್ರಾಮನ್ನು ಹೆಚ್ಚಿಸಬೇಕು. ಅದಕ್ಕೆ ಇರುವ ಹೆಸರಾಂತ ದಾರಿಗಳು ಎರಡು: ಟರ್ಬೋ ಮತ್ತು ನೈಟ್ರಸ್ ಆಕ್ಸೈಡ್.

ಟರ್ಬೋ ಸೈಲೆನ್ಸರಿನಿಂದ ಸುಮ್ಮನೆ ಹೋಗುವ ಬಿಸಿ ಹೊಗೆಯನ್ನು ದುಡಿಸಿಕೊಳ್ಳುತ್ತದೆ. ಹೊಗೆ ಒಂದು ಚಕ್ರವನ್ನು ತಿರುಗಿಸುತ್ತದೆ. ಅದೇ ದಂಡದ ಇನ್ನೊಂದು ತುದಿಯ ಚಕ್ರ ಗಾಳಿಯನ್ನು ಒತ್ತಿ ಎಂಜಿನ್ನಿಗೆ ತಳ್ಳುತ್ತದೆ. ಸಣ್ಣ ಕಾರುಗಳ ಟರ್ಬೋ ನಿಮಿಷಕ್ಕೆ ಒಂದು ಲಕ್ಷ ಸುತ್ತನ್ನೂ ಮೀರುತ್ತದೆ. ಸ್ವಿಟ್ಜರ್ಲೆಂಡಿನ ಎಂಜಿನಿಯರ್ ಆಲ್ಫ್ರೆಡ್ ಬ್ಯೂಕಿ 1905ರಲ್ಲೇ ಇದಕ್ಕೆ ಪೇಟೆಂಟ್ ಪಡೆದಿದ್ದರು. ಎತ್ತರದ ಜಾಗದಲ್ಲಿ ಎಂಜಿನ್ ಕಳೆದುಕೊಳ್ಳುವ ಶಕ್ತಿಯನ್ನು ಟರ್ಬೋ ಮರಳಿ ಕೊಡಬಲ್ಲದೆಂದು 1918ರಲ್ಲಿ ಸ್ಯಾನ್‌ಫರ್ಡ್ ಮಾಸ್ ಅಮೆರಿಕದ ಪೈಕ್ಸ್ ಪೀಕ್ ಶಿಖರದ ಮೇಲೆ, ಸುಮಾರು 4,300 ಮೀಟರ್ ಎತ್ತರದಲ್ಲಿ, ವಿಮಾನದ ಎಂಜಿನ್ ಓಡಿಸಿ ತೋರಿಸಿದರು. ಕರ್ನಾಟಕದ ರಸ್ತೆಗಳಲ್ಲಿ ಟರ್ಬೋ ಹೊಸದೇನಲ್ಲ. ರಾಷ್ಟ್ರೀಯ ಹೆದ್ದಾರಿ 48ರಲ್ಲಿ ಹಿರಿಯೂರು, ಚಿತ್ರದುರ್ಗ ದಾಟುವ ಲಾರಿಗಳಲ್ಲಿ ಅದಿದೆ. 2005ರಿಂದ ಬಿಡದಿಯಲ್ಲಿ ತಯಾರಾದ ಡೀಸೆಲ್ ಇನ್ನೋವಾದಲ್ಲೂ ಇತ್ತು.

ನೈಟ್ರಸ್ ಆಕ್ಸೈಡ್ ಆಸ್ಪತ್ರೆಯ ಆಪರೇಷನ್ ಕೊಠಡಿಯಲ್ಲಿ ಅರಿವಳಿಕೆಗೆ ಬಳಸುವ ಅನಿಲ. ಜೋಸೆಫ್ ಪ್ರೀಸ್ಟ್ಲಿ 1772ರಲ್ಲಿ ಇದನ್ನು ತಯಾರಿಸಿದರು. ಎರಡನೇ ಮಹಾಯುದ್ಧದಲ್ಲಿ ಜರ್ಮನಿ ತನ್ನ ಕೆಲವು ಯುದ್ಧವಿಮಾನಗಳು ಅತಿ ಎತ್ತರದಲ್ಲಿ ಹಾರುವಾಗ ಎಂಜಿನ್ನಿಗೆ ಇದನ್ನು ಉಣಿಸಿತು. ಇದು ತಾನಾಗಿ ಉರಿಯುವ ಇಂಧನವಲ್ಲ. ಸುಮಾರು 300 ಡಿಗ್ರಿ ಸೆಲ್ಸಿಯಸ್ ದಾಟಿದಾಗ ಒಡೆದು ಆಮ್ಲಜನಕ ಬಿಟ್ಟುಕೊಡುತ್ತದೆ. ತೂಕದ ಲೆಕ್ಕದಲ್ಲಿ ಗಾಳಿಯಲ್ಲಿ ಆಮ್ಲಜನಕ ಶೇ 23 ಇದ್ದರೆ ಇದರಲ್ಲಿ ಶೇ 36. ಗ್ಯಾಸ್ ಸಿಲಿಂಡರಿನಲ್ಲಿ ದ್ರವವಾಗಿರುವ ಇದು ಹೊರಬಂದ ಕೂಡಲೇ ಆವಿಯಾಗಿ ಸುತ್ತಲಿನ ಗಾಳಿಯನ್ನೂ ತಣ್ಣಗಾಗಿಸುತ್ತದೆ. ತಣ್ಣನೆಯ ಗಾಳಿ ಹೆಚ್ಚು ದಟ್ಟ; ಹೀಗಾಗಿ ಲಾಭ ಇಮ್ಮಡಿ.

ಬೆಲೆ ಮತ್ತು ಜೋಡಣೆಯಲ್ಲಿ ನೈಟ್ರಸ್‌ನದೇ ಮೇಲುಗೈ. ಡಿಕ್ಕಿಯಲ್ಲಿ ಒಂದು ಸಿಲಿಂಡರ್, ಒಂದು ಕೊಳವೆ, ವಿದ್ಯುತ್ ವಾಲ್ವ್, ಜೆಟ್ ಮತ್ತು ಸ್ವಿಚ್ ಇದ್ದರೆ ಮುಗಿಯಿತು. ಬೇಡವಾದಾಗ ಬಿಚ್ಚಿ ತೆಗೆಯಬಹುದು. ಟರ್ಬೋ ಹಾಕಲು ಹೊಗೆಯ ಮ್ಯಾನಿಫೋಲ್ಡ್ ಬದಲಾಗಬೇಕು, ಆಯಿಲ್ ಹೋಗಿ ಬರುವ ದಾರಿ ಮಾಡಬೇಕು, ಒತ್ತಿದ ಗಾಳಿಯನ್ನು ತಣಿಸುವ ಇಂಟರ್‌ಕೂಲರ್ ಕೂರಿಸಬೇಕು, ದೊಡ್ಡ ಇಂಜೆಕ್ಟರ್ ಹಾಕಿ ಎಂಜಿನ್ನಿನ ಕಂಪ್ಯೂಟರನ್ನು ಹೊಸದಾಗಿ ಹೊಂದಿಸಬೇಕು. ಹಳೆಯ ಕ್ಲಚ್ ಸಾಮಾನ್ಯವಾಗಿ ಜಾರತೊಡಗುತ್ತದೆ.

ಬಾಳಿಕೆಯ ವಿಷಯ ಬಂದಾಗ ತಕ್ಕಡಿ ಇನ್ನೊಂದು ಕಡೆಗೆ ವಾಲುತ್ತದೆ. ಮೇಲೆ ಹೇಳಿದ ಸಣ್ಣ ಎಂಜಿನ್ನಿನ ಶಕ್ತಿಯನ್ನು ಶೇ 30ರಷ್ಟು ಹೆಚ್ಚಿಸಲು ಸೆಕೆಂಡಿಗೆ ಸುಮಾರು 11 ಗ್ರಾಂ ನೈಟ್ರಸ್ ಬೇಕು. ಸ್ವಿಚ್ ಒತ್ತಿ ಹಿಡಿದರೆ ನಾಲ್ಕೂವರೆ ಕಿಲೋ ಸಿಲಿಂಡರ್ ಏಳು ನಿಮಿಷದಲ್ಲಿ ಖಾಲಿ. ಮತ್ತೆ ತುಂಬಿಸುವ ಅಂಗಡಿ ತಾಲ್ಲೂಕು ಕೇಂದ್ರಗಳಲ್ಲಿ ಸಿಗುವಂಥದ್ದಲ್ಲ; ಆಸ್ಪತ್ರೆಗೆ ಬರುವ ಅನಿಲ ಆಸ್ಪತ್ರೆಗೇ ಮೀಸಲು. ಟರ್ಬೋಗೆ ಇಂಥ ಖಾಲಿಯಾಗುವ ಸರಕಿಲ್ಲ. ಎಂಜಿನ್ ಓಡುವಷ್ಟು ಕಾಲ, ಏರು ಹತ್ತುವಾಗಲೂ ಲಾರಿ ಹಿಂದಿಕ್ಕುವಾಗಲೂ, ಅದು ಕೆಲಸ ಮಾಡುತ್ತದೆ.

ಶಕ್ತಿ ಬರುವ ರೀತಿಯಲ್ಲೂ ವ್ಯತ್ಯಾಸವಿದೆ. ಟರ್ಬೋ ಕಡಿಮೆ ಸುತ್ತಿನಲ್ಲಿ ಮಂದ. ಹೊಗೆಯ ರಭಸ ಏರಿದಂತೆ ಅದರ ಒತ್ತಡವೂ ಏರುತ್ತದೆ. ನೈಟ್ರಸ್ ಸೆಕೆಂಡಿಗೆ ಇಂತಿಷ್ಟು ಗ್ರಾಂ ಎಂದು ಹರಿಯುವುದರಿಂದ, ಎಂಜಿನ್ ನಿಧಾನವಾಗಿ ತಿರುಗುವಾಗ ಒಂದೊಂದು ಸಲದ ಉರಿಗೂ ಹೆಚ್ಚು ಪಾಲು ಸಿಗುತ್ತದೆ. ಆಗ ಏಟು ಜೋರು. ಕನೆಕ್ಟಿಂಗ್ ರಾಡ್ ಬಾಗಬಹುದು. ಅದಕ್ಕೇ ಆಕ್ಸಿಲರೇಟರ್ ಪೂರ್ತಿ ಒತ್ತಿ, ಸುತ್ತು 3,000 ದಾಟಿದ ಮೇಲಷ್ಟೇ ವಾಲ್ವ್ ತೆರೆಯುವ ವ್ಯವಸ್ಥೆ ಮಾಡುತ್ತಾರೆ.

ಎರಡಕ್ಕೂ ಸಮಾನ ಶತ್ರು ಬಿಸಿ. ಟರ್ಬೋ ಅರ್ಧ ಬಾರ್ ಒತ್ತಡ ಏರಿಸಿದರೂ 35 ಡಿಗ್ರಿಯ ಗಾಳಿ 90 ಡಿಗ್ರಿಯ ಆಸುಪಾಸು ಮುಟ್ಟುತ್ತದೆ. ಇಂಟರ್‌ಕೂಲರ್ ಇಲ್ಲದಿದ್ದರೆ ಆ ಬಿಸಿಗೆ ಪೆಟ್ರೋಲ್ ಹೊತ್ತಿಗೆ ಮುಂಚೆಯೇ ಸಿಡಿದು ನಾಕಿಂಗ್ ಶುರುವಾಗುತ್ತದೆ. ಅಮೆರಿಕದ ಓಲ್ಡ್ಸ್‌ಮೊಬೈಲ್ ಕಂಪನಿ 1962ರಲ್ಲಿ ತಂದ ಜೆಟ್‌ಫೈರ್ ಕಾರು ಟರ್ಬೋ ಇದ್ದ ಮೊದಲ ಕಾರುಗಳಲ್ಲೊಂದು. ಅದರ ಕಂಪ್ರೆಷನ್ ಅನುಪಾತ (ಸಿಲಿಂಡರಿನೊಳಗಿನ ಮಿಶ್ರಣವನ್ನು ಪಿಸ್ಟನ್ ಎಷ್ಟು ಪಟ್ಟು ಒತ್ತುತ್ತದೆ ಎಂಬ ಲೆಕ್ಕ) 10.25 ಇದ್ದುದರಿಂದ ನಾಕಿಂಗ್ ತಡೆಯಲು ನೀರು ಮತ್ತು ಮೆಥನಾಲ್ ಬೆರೆಸಿದ ದ್ರವವನ್ನು ಸಿಂಪಡಿಸಬೇಕಿತ್ತು. ಮಾಲೀಕರು ದ್ರವ ತುಂಬಿಸುವುದನ್ನು ಮರೆತರು. ಕಾರು ಹೆಚ್ಚು ದಿನ ಮಾರುಕಟ್ಟೆಯಲ್ಲಿ ಉಳಿಯಲಿಲ್ಲ. ಇಂದಿನ ಟರ್ಬೋ ಇಲ್ಲದ ಪೆಟ್ರೋಲ್ ಕಾರುಗಳ ಅನುಪಾತ ಇನ್ನೂ ಹೆಚ್ಚಿರುವುದು ಸಾಮಾನ್ಯ. ಅವುಗಳಿಗೆ ಹೊರಗಿನಿಂದ ಟರ್ಬೋ ಕೂರಿಸಿದರೆ ಅದೇ ತೊಂದರೆ ಎದುರಾಗುತ್ತದೆ.

ನೈಟ್ರಸ್‌ನ ತೊಂದರೆ ಸಿಲಿಂಡರಿನಲ್ಲೇ ಇದೆ. 20 ಡಿಗ್ರಿಯಲ್ಲಿ ಅದರ ಒತ್ತಡ ಸುಮಾರು 50 ಬಾರ್. 36.4 ಡಿಗ್ರಿ ದಾಟಿದರೆ ದ್ರವ, ಆವಿ ಎಂಬ ಭೇದವೇ ಉಳಿಯದೆ ಒತ್ತಡ ಬೇಗ ಏರುತ್ತದೆ. ಏಪ್ರಿಲ್ ಬಿಸಿಲಿನಲ್ಲಿ ನಿಂತ ಕಾರಿನ ಡಿಕ್ಕಿ ಆ ಮಟ್ಟವನ್ನು ಸುಲಭವಾಗಿ ದಾಟುತ್ತದೆ. ಒತ್ತಡ ಬದಲಾದಂತೆ ಹರಿಯುವ ಅನಿಲದ ಪ್ರಮಾಣವೂ ಬದಲಾಗುತ್ತದೆ, ಆದರೆ ಜೊತೆಗೆ ಬರುವ ಪೆಟ್ರೋಲ್ ಜೆಟ್ಟಿನ ಅಳತೆ ಬದಲಾಗುವುದಿಲ್ಲ. ಅನಿಲ ಹೆಚ್ಚಾಗಿ ಪೆಟ್ರೋಲ್ ಕಡಿಮೆಬಿದ್ದರೆ ಉರಿಯ ತಾಪ ಮಿತಿ ಮೀರಿ, ಕೆಲವೇ ಸೆಕೆಂಡುಗಳಲ್ಲಿ ಪಿಸ್ಟನ್ ಕರಗಿ ತೂತಾಗಬಹುದು. ಟರ್ಬೋ ಸಾಮಾನ್ಯವಾಗಿ ನಿಧಾನವಾಗಿ ಸವೆಯುತ್ತದೆ: ಬಯಲುಸೀಮೆಯ ಧೂಳಿನಲ್ಲಿ ಏರ್ ಫಿಲ್ಟರ್ ಕೆಟ್ಟರೆ ಚಕ್ರದ ಅಲಗು ಸವೆಯುತ್ತದೆ, ಆಯಿಲ್ ಹಳತಾದರೆ ಬೇರಿಂಗ್ ಹೋಗುತ್ತದೆ. ದೂರ ಓಡಿ ಬಂದ ಗಾಡಿಯನ್ನು ಅರ್ಧ ನಿಮಿಷ ಐಡ್ಲಿಂಗಿನಲ್ಲಿ ಬಿಟ್ಟು ಆಮೇಲೆ ಆಫ್ ಮಾಡುವ ಚಾಲಕರ ರೂಢಿ ಈ ಬೇರಿಂಗ್ ಉಳಿಸಿಕೊಳ್ಳುವುದಕ್ಕೇ.

ಇವೆರಡಕ್ಕೂ ಕಾನೂನಿನ ತಡೆ ಇದೆ. ಮೋಟಾರು ವಾಹನ ಕಾಯ್ದೆಯ 52ನೇ ಕಲಮಿನ ಪ್ರಕಾರ, ತಯಾರಕರು ನೀಡಿದ ಮೂಲ ವಿವರಗಳಿಗೆ ವ್ಯತ್ಯಾಸವಾಗುವಂತೆ ವಾಹನವನ್ನು ಮಾರ್ಪಡಿಸುವಂತಿಲ್ಲ. ಸುಪ್ರೀಂ ಕೋರ್ಟ್ 2019ರ ಜನವರಿಯಲ್ಲಿ ಇದನ್ನು ಎತ್ತಿಹಿಡಿಯಿತು. ಅದೇ ವರ್ಷದ ತಿದ್ದುಪಡಿ ಆರು ತಿಂಗಳವರೆಗೆ ಜೈಲು ಅಥವಾ ಒಂದೊಂದು ಮಾರ್ಪಾಡಿಗೆ 5,000 ರೂಪಾಯಿ ದಂಡ, ಇಲ್ಲವೇ ಎರಡನ್ನೂ ವಿಧಿಸಲು ಅವಕಾಶ ಕೊಟ್ಟಿದೆ. ಕಂಪನಿಯ ವಾರಂಟಿ ಕೈತಪ್ಪುತ್ತದೆ, ವಿಮೆಯ ಹಣಕ್ಕೂ ತಕರಾರು ಬರಬಹುದು.

ಹೀಗಾಗಿ ಆಯ್ಕೆ ಬಳಕೆಯನ್ನು ಅವಲಂಬಿಸಿದೆ. ಮುಚ್ಚಿದ ಟ್ರ್ಯಾಕಿನಲ್ಲಿ ಕೆಲವು ಸೆಕೆಂಡುಗಳ ಡ್ರ್ಯಾಗ್ ಓಟಕ್ಕೆ, ಎಂಜಿನ್ ಬಿಚ್ಚದೆ, ಸಣ್ಣ ಪ್ರಮಾಣದ ನೈಟ್ರಸ್ ಕಡಿಮೆ ಖರ್ಚಿನ ದಾರಿ. ಹೊರಗಿನಿಂದ ಟರ್ಬೋ ಹಾಕುವುದು, ಪಿಸ್ಟನ್, ರಾಡ್, ಗ್ಯಾಸ್ಕೆಟ್ ಎಲ್ಲವನ್ನೂ ಬಲಪಡಿಸುವ ಸ್ಪರ್ಧಿಗಳಿಗೆ ಮಾತ್ರ ಸರಿ. ದಿನನಿತ್ಯ ಓಡಾಡುವವರಿಗೆ ಈ ಕೆಲಸವನ್ನು ಕಾರ್ಖಾನೆಗಳೇ ಮಾಡಿ ಮುಗಿಸಿವೆ: ಹ್ಯುಂಡೈ ಐ20ಯ 1.2 ಲೀಟರ್ ಮಾಮೂಲಿ ಎಂಜಿನ್ 83 ಪಿಎಸ್ ಕೊಟ್ಟರೆ, ಅದಕ್ಕಿಂತ ಚಿಕ್ಕದಾದ 1 ಲೀಟರ್ ಟರ್ಬೋ ಎಂಜಿನ್ 120 ಪಿಎಸ್ ಕೊಡುತ್ತದೆ. ಅದರ ಪಿಸ್ಟನ್, ಕೂಲಿಂಗ್ ಮತ್ತು ಕಂಪ್ಯೂಟರ್ ಮೊದಲಿನಿಂದಲೇ ಆ ಒತ್ತಡಕ್ಕೆಂದು ರೂಪುಗೊಂಡಿರುತ್ತವೆ. ಹೆಚ್ಚು ಪಿಕಪ್ ಬೇಕಾದವರು ಇರುವ ಕಾರಿಗೆ ಕೈಹಾಕುವುದಕ್ಕಿಂತ ಅಂಥ ಕಾರನ್ನೇ ಕೊಳ್ಳುವುದು ಖರ್ಚಿನಲ್ಲೂ ಬಾಳಿಕೆಯಲ್ಲೂ ಮೇಲು.