ಬಾನೆಟ್ಟಿನ ಕೀಲಿ ಯಾರ ಕೈಯಲ್ಲಿ?

ಅಂಬಾಸಿಡರ್ ಇಲ್ಲವೇ ಪ್ರೀಮಿಯರ್ ಪದ್ಮಿನಿ ಇದ್ದ ಮನೆಗಳಲ್ಲಿ ‘ಪಾಯಿಂಟ್ ಉಜ್ಜುವುದು’ ದಿನಬಳಕೆಯ ಮಾತಾಗಿತ್ತು. ಎಂಜಿನ್ನಿನ ಪಕ್ಕದಲ್ಲಿರುವ ಡಿಸ್ಟ್ರಿಬ್ಯೂಟರಿನ ಕರಿಯ ಟೋಪಿಯನ್ನು ಬಿಚ್ಚಿದರೆ ಒಳಗೆ ಎರಡು ಪುಟ್ಟ ಲೋಹದ ಬಿಲ್ಲೆಗಳು ಕಾಣುತ್ತಿದ್ದವು. ಅವು ಒಂದಕ್ಕೊಂದು ತಾಗಿ ಬೇರೆಯಾಗುವ ಗಳಿಗೆಯಲ್ಲೇ ಕಿಡಿ ಹುಟ್ಟಬೇಕು. ನಾಲ್ಕು ಸಿಲಿಂಡರಿನ ಎಂಜಿನ್ ನಿಮಿಷಕ್ಕೆ 3000 ಸುತ್ತು ತಿರುಗುವಾಗ ಆ ಬಿಲ್ಲೆಗಳು 6000 ಸಲ ಬೇರೆಯಾಗಿ ಮತ್ತೆ ಕೂಡುತ್ತವೆ. ಪ್ರತಿ ಸಲವೂ ಲೋಹ ಒಂದಿಷ್ಟು ಸುಡುತ್ತದೆ, ಅವನ್ನು ಮೇಲೆತ್ತುವ ಫೈಬರಿನ ಹಿಮ್ಮಡಿ ಒಂದಿಷ್ಟು ಸವೆಯುತ್ತದೆ. ಅರ್ಧ ಮಿಲಿಮೀಟರಿಗೂ ಕಡಿಮೆಯಿರುವ ಆ ಸಂದು ಇನ್ನಷ್ಟು ಕಿರಿದಾದಾಗ ಬೆಳಗಿನ ಚಳಿಯಲ್ಲಿ ಕಾರು ಏಳುವುದಿಲ್ಲ. ಎಮರಿ ಕಾಗದದಿಂದ ಬಿಲ್ಲೆಗಳನ್ನು ಉಜ್ಜಿ, ಫೀಲರ್ ಗೇಜಿನ ತೆಳು ಪಟ್ಟಿಯನ್ನು ನಡುವೆ ತೂರಿಸಿ, ಸ್ಕ್ರೂ ಬಿಗಿ ಮಾಡಿದರೆ ಕೆಲಸ ಮುಗಿಯುತ್ತಿತ್ತು. ಗೇಜ್ ಇಲ್ಲದವರು ದಪ್ಪ ಕಾಗದದ ಅಂಚಿನಲ್ಲೇ ಅಳತೆ ಹಿಡಿಯುತ್ತಿದ್ದರು.

ಇಂದಿನ ಕಾರಿನಲ್ಲಿ ಆ ಬಿಲ್ಲೆಗಳಿಲ್ಲ, ಅವುಗಳ ಹಿಂದೆಯೇ ಬಾನೆಟ್ ತೆರೆಯುವ ಮಾಲೀಕನೂ ಮರೆಯಾದ. ಯಂತ್ರ ಜಟಿಲವಾಯಿತು, ಮನುಷ್ಯ ಹಿಂದೆ ಸರಿದ ಎಂದು ಇದಕ್ಕೆ ಸಾಮಾನ್ಯವಾಗಿ ಕಾರಣ ಕೊಡುತ್ತಾರೆ. ಆ ವಿವರಣೆ ಅರ್ಧ ಮಾತ್ರ ನಿಜ. ಮಾಲೀಕನ ಕೈ ಕಾರಿನೊಳಗೆ ಎಷ್ಟು ದೂರ ಹೋಗಬಹುದು ಎಂಬುದನ್ನು ಆಯಾ ಕಾಲದಲ್ಲಿ ನಿರ್ಧರಿಸಿದ್ದು ಯಂತ್ರದ ತೊಡಕಿಗಿಂತ ಹೆಚ್ಚಾಗಿ, ಆ ಯಂತ್ರದ ತಿಳಿವಳಿಕೆ ಯಾರ ವಶದಲ್ಲಿತ್ತು ಎಂಬ ಸಂಗತಿ. ಮನೆಯಂಗಳದ ರಿಪೇರಿಯ ಚರಿತ್ರೆಯನ್ನು ಹಿಂದಿನಿಂದ ನೋಡುತ್ತ ಬಂದರೆ ಇದು ಸ್ಪಷ್ಟವಾಗುತ್ತದೆ.

ಹೆನ್ರಿ ಫೋರ್ಡ್ 1908ರಲ್ಲಿ ಹೊರತಂದ ಮಾಡೆಲ್ ಟಿ ಕಾರು 1927ರವರೆಗೆ ಒಂದೂವರೆ ಕೋಟಿ ಮಾರಾಟವಾಯಿತು. ಕೊಂಡವರಲ್ಲಿ ದೊಡ್ಡ ಪಾಲು ಅಮೆರಿಕದ ರೈತರು. ಹಲವರ ಊರಿನಲ್ಲಿ ಗ್ಯಾರೇಜೇ ಇರಲಿಲ್ಲ. ಹಾಗಾಗಿ ಕಾರಿನ ಜೊತೆ ಬರುತ್ತಿದ್ದ ಕೈಪಿಡಿಯನ್ನು ಫೋರ್ಡ್ ಕಂಪನಿ ಪ್ರಶ್ನೋತ್ತರದ ರೂಪದಲ್ಲಿ ಬರೆಸಿತು: ಎಂಜಿನ್ ಏಕೆ ತಡವರಿಸುತ್ತಿದೆ, ಕವಾಟವನ್ನು ಹೇಗೆ ಅರೆಯಬೇಕು, ಇಂಗಾಲವನ್ನು ಹೇಗೆ ಕೆರೆದು ತೆಗೆಯಬೇಕು. ತಯಾರಕನೇ ಮಾಲೀಕನನ್ನು ಮೆಕ್ಯಾನಿಕ್ ಎಂದು ಒಪ್ಪಿಕೊಂಡು ಬರೆದ ಪುಸ್ತಕವದು. ಮನೆಯಲ್ಲೇ ಮಾಡಿಕೊಳ್ಳುವ ಸಣ್ಣ ಸುಧಾರಣೆಗಳೂ ಅದೇ ಕಾರಿನಿಂದ ಹಬ್ಬಿದವು. ಮಾಡೆಲ್ ಟಿಯಲ್ಲಿ ಪೆಟ್ರೋಲ್ ಎಷ್ಟಿದೆಯೆಂದು ತೋರಿಸುವ ಮಾಪಕವಿರಲಿಲ್ಲ. ಸೀಟನ್ನು ಎತ್ತಿ, ಕೆಳಗಿನ ಟ್ಯಾಂಕಿಗೆ ಕಡ್ಡಿ ಅದ್ದಿ ನೋಡಬೇಕಿತ್ತು. ಹೀಗೆ ತಯಾರಕ ಬಿಟ್ಟದ್ದನ್ನು ಮಾಲೀಕ ಸೇರಿಸಿಕೊಳ್ಳಲು ಬೇಕಾದ ಬಿಡಿಭಾಗಗಳು ಸಿಯರ್ಸ್ ರೋಬಕ್ ಕಂಪನಿಯ ಅಂಚೆ ಕ್ಯಾಟಲಾಗಿನಲ್ಲಿ ಪುಟಗಟ್ಟಲೆ ತುಂಬಿದ್ದವು.

ಮುಂದೆ ತಯಾರಕರು ವಿವರವಾದ ವರ್ಕ್‌ಶಾಪ್ ಪುಸ್ತಕಗಳನ್ನು ಡೀಲರುಗಳಿಗಾಗಿಯೇ ಬರೆದರು. ಓದುವವನ ಬಳಿ ವಿಶೇಷ ಉಪಕರಣಗಳಿವೆಯೆಂಬ ಊಹೆಯ ಮೇಲೆಯೇ ಅವುಗಳ ಪ್ರತಿ ಹಂತವೂ ನಿಂತಿರುತ್ತಿತ್ತು. ಸಾಮಾನ್ಯ ಮಾಲೀಕನಿಗೆ ಉಂಟಾದ ಆ ಕೊರತೆಯನ್ನು ತುಂಬಿದವನು ಸಿಲೋನಿನಲ್ಲಿ ಹುಟ್ಟಿದ ಇಂಗ್ಲಿಷ್ ಹುಡುಗ ಜಾನ್ ಹೇನ್ಸ್. 1956ರಲ್ಲಿ, ಇನ್ನೂ ಶಾಲೆಯಲ್ಲಿರುವಾಗಲೇ, ಹಳೆಯ ಆಸ್ಟಿನ್ 7 ಕಾರನ್ನು ಸ್ಪೋರ್ಟ್ಸ್ ಕಾರಾಗಿ ಮಾರ್ಪಡಿಸುವ ಬಗೆಯನ್ನು ಸಣ್ಣ ಪುಸ್ತಿಕೆಯಾಗಿ ಬರೆದ. 250 ಪ್ರತಿಗಳು ಹತ್ತೇ ದಿನಗಳಲ್ಲಿ ಖರ್ಚಾದವು. ಮುಂದೆ ವಾಯುಪಡೆಯ ಕೆಲಸದ ಮೇಲೆ ಏಡನ್‌ನಲ್ಲಿದ್ದಾಗ ಸಹೋದ್ಯೋಗಿಯೊಬ್ಬನ ಆಸ್ಟಿನ್ ಹೀಲಿ ಸ್ಪ್ರೈಟ್ ಕಾರಿನ ಎಂಜಿನ್ ಬಿಚ್ಚಬೇಕಾಗಿ ಬಂತು. ಕಂಪನಿಯ ಪುಸ್ತಕ ಸಾಮಾನ್ಯನಿಗೆ ಉಪಯೋಗಕ್ಕೆ ಬಾರದೆಂದು ಕಂಡ ಹೇನ್ಸ್, ಬಿಚ್ಚಿದ ಪ್ರತಿ ಹಂತವನ್ನೂ ಚಿತ್ರ ತೆಗೆಸಿಟ್ಟುಕೊಂಡ. 1966ರಲ್ಲಿ ಬಂದ ಮೊದಲ ಹೇನ್ಸ್ ಕೈಪಿಡಿ ಅದರ ಫಲ. ಕಾರನ್ನು ನಿಜಕ್ಕೂ ಬಿಚ್ಚಿ, ಮನೆಯಲ್ಲಿರಬಹುದಾದ ಉಪಕರಣಗಳಿಂದಲೇ ಮತ್ತೆ ಜೋಡಿಸಿ, ಆಮೇಲೆ ಬರೆಯುವುದು ಆ ಪುಸ್ತಕಗಳ ಕ್ರಮವಾಯಿತು. ಗಮನಿಸಬೇಕಾದದ್ದು ಇದು: ಹೇನ್ಸ್ ಕಾರನ್ನು ಸರಳ ಮಾಡಲಿಲ್ಲ. ಕಾರು ಇದ್ದಂತೆಯೇ ಇತ್ತು, ತಿಳಿವಳಿಕೆಯ ದಾರಿಯಷ್ಟೇ ತೆರೆಯಿತು. ಅಷ್ಟಕ್ಕೇ ಲಕ್ಷಾಂತರ ಜನ ಸ್ಪ್ಯಾನರ್ ಹಿಡಿದರು.

ನಮ್ಮಲ್ಲಿ ಇದೇ ಕೆಲಸವನ್ನು ಪುಸ್ತಕಕ್ಕಿಂತ ಕೊರತೆ ಮಾಡಿತು. ಕಾರು ಕಾರ್ಖಾನೆ ಬೇಕೆಂದು ಸರ್ ಎಂ. ವಿಶ್ವೇಶ್ವರಯ್ಯನವರು 1930ರ ದಶಕದಲ್ಲೇ ಯೋಜನೆ ಹಾಕಿದ್ದರೂ ಸ್ವಾತಂತ್ರ್ಯಾನಂತರದ ಲೈಸೆನ್ಸ್ ವ್ಯವಸ್ಥೆಯಲ್ಲಿ ಮೂರೇ ಕಂಪನಿಗಳ ಕಾರು ಸಿಗುತ್ತಿತ್ತು, ಅದಕ್ಕೂ ವರ್ಷಗಟ್ಟಲೆ ಕಾಯಬೇಕಿತ್ತು. ಹೀಗೆ ಬಂದ ಕಾರನ್ನು ದಶಕಗಳ ಕಾಲ ನಡೆಸುವುದು ಅನಿವಾರ್ಯ. ಮಾದರಿಗಳು ಬದಲಾಗದೇ ನಿಂತದ್ದರಿಂದ ಒಂದು ಅನುಕೂಲವೂ ಆಯಿತು. ಉತ್ತರಪಾಡಾದ ಅಂಬಾಸಿಡರ್ 1957ರಿಂದ 2014ರವರೆಗೆ, ಮುಂಬೈಯ ಕುರ್ಲಾದ ಫಿಯೆಟ್ 1100 ಡಿ ಪದ್ಮಿನಿಯೆಂಬ ಹೆಸರು ಹೊತ್ತು 2000ದ ಸುಮಾರಿನವರೆಗೆ, ಹೆಚ್ಚು ಕಡಿಮೆ ಅದೇ ರೂಪದಲ್ಲಿ ತಯಾರಾದವು. ತಂದೆ ಕಲಿತ ಕೆಲಸ ಮಗನಿಗೂ ನಡೆಯುತ್ತಿತ್ತು. ಬಿಡಿಭಾಗ ಬೇಕಾದರೆ ಬೆಂಗಳೂರಿನ ಜೆ.ಸಿ. ರಸ್ತೆಯಿತ್ತು, ಪ್ಲಗ್ ಎಂದರೆ 1951ರಲ್ಲಿ ಆರಂಭವಾಗಿ ಆಡುಗೋಡಿಯಲ್ಲಿ ಕಾರ್ಖಾನೆ ಹೂಡಿದ ಮೈಕೋ. ಆ ಪ್ಲಗ್ಗನ್ನು ಬಿಚ್ಚಿ ತುದಿಯ ಬಣ್ಣ ನೋಡುವುದು ನಾಡಿ ಹಿಡಿದು ನೋಡಿದಂತೆ. ಕಂದು ಬಣ್ಣವಿದ್ದರೆ ಎಂಜಿನ್ ಆರೋಗ್ಯವಾಗಿದೆ, ಒಣ ಮಸಿ ಕಟ್ಟಿದ್ದರೆ ಪೆಟ್ರೋಲ್ ಹೆಚ್ಚಾಗಿ ಹೋಗುತ್ತಿದೆ, ಬೆಳ್ಳಗೆ ಸುಟ್ಟಿದ್ದರೆ ಗಾಳಿ ಹೆಚ್ಚು, ಎಣ್ಣೆ ಜಿಡ್ಡಿದ್ದರೆ ಪಿಸ್ಟನ್ ರಿಂಗ್ ಸವೆದಿದೆ. ಬೇಸಿಗೆಯ ಟ್ರಾಫಿಕ್ಕಿನಲ್ಲಿ ಫಿಯೆಟ್ ನಿಂತುಬಿಟ್ಟರೆ ಪೆಟ್ರೋಲ್ ಪಂಪಿನ ಮೇಲೆ ಒದ್ದೆ ಬಟ್ಟೆ ಹಾಕಬೇಕೆಂಬುದು ಎಲ್ಲರಿಗೂ ತಿಳಿದಿತ್ತು. ಪೈಪಿನೊಳಗೆ ಪೆಟ್ರೋಲ್ ಆವಿಯಾಗಿ ತಡೆ ಒಡ್ಡಿದೆ ಎಂಬ ಕಾರಣವೂ ಹಲವರಿಗೆ ತಿಳಿದಿತ್ತು. ಆ ಕಾಲವನ್ನು ಹೊಗಳಲು ಇದನ್ನೆಲ್ಲ ಹೇಳುತ್ತಿಲ್ಲ. ಆ ಕಾರುಗಳು ಹೊಗೆ ಉಗುಳುತ್ತಿದ್ದವು, ಬ್ರೇಕುಗಳು ದುರ್ಬಲವಾಗಿದ್ದವು, ಪದೇಪದೇ ಕೆಡುತ್ತಿದ್ದವು. ಆದರೂ ಕೆಟ್ಟದ್ದು ಏಕೆ ಕೆಟ್ಟಿತು ಎಂಬ ಅರಿವು ಮನೆಯೊಳಗೇ ಇತ್ತು.

1983ರ ಡಿಸೆಂಬರ್ 14ರಂದು ಮೊದಲ ಮಾರುತಿ 800 ಹೊರಬಂದ ಮೇಲೆ ಕೆಡುವುದು ಕಡಿಮೆಯಾಯಿತು. ನಿಜವಾದ ತಿರುವು ಬಂದದ್ದು ಹೊಗೆಯ ಪ್ರಶ್ನೆಯಿಂದ. 1995ರಿಂದ ಮಹಾನಗರಗಳ ಹೊಸ ಕಾರುಗಳಿಗೆ ಕ್ಯಾಟಲಿಟಿಕ್ ಕನ್ವರ್ಟರ್ ಬಂತು, 1999ರಲ್ಲಿ ಸುಪ್ರೀಂ ಕೋರ್ಟ್ ದೆಹಲಿಗೆ ಯೂರೋ ಮಾನದಂಡ ವಿಧಿಸಿತು, 2000ರ ಫೆಬ್ರುವರಿಯಿಂದ ದೇಶದಲ್ಲೆಲ್ಲ ಸೀಸರಹಿತ ಪೆಟ್ರೋಲ್. ಕಾರ್ಬುರೇಟರಿನ ಜಾಗಕ್ಕೆ ಇಂಜೆಕ್ಟರ್, ಪಾಯಿಂಟಿನ ಜಾಗಕ್ಕೆ ಇ.ಸಿ.ಯು. ಎಂಬ ಗಣಕ ಬಂದವು. ನಮ್ಮ ಮಕ್ಕಳು ಉಸಿರಾಡುವ ಗಾಳಿಯ ದೃಷ್ಟಿಯಿಂದ ಇದು ಆಗಲೇಬೇಕಿದ್ದ ಬದಲಾವಣೆ. ಆದರೆ ಈ ಗಣಕ ಮಾಲೀಕನನ್ನು ಹೊರಗಟ್ಟಿತೆನ್ನುವುದು ಸರಿಯಲ್ಲ. ಅಮೆರಿಕದಲ್ಲಿ 1996ರಿಂದ ಪ್ರತಿ ಹೊಸ ಕಾರಿಗೂ ಒ.ಬಿ.ಡಿ.-2 ಎಂಬ ಒಂದೇ ಬಗೆಯ ಸಾಕೆಟ್ ಕಡ್ಡಾಯವಾಯಿತು, ನಮ್ಮಲ್ಲೂ ಮುಂದೆ ಅದು ನಿಯಮವಾಗಿ ಬಂತು. ಸ್ಟಿಯರಿಂಗ್ ಕೆಳಗಿನ ಆ ಸಾಕೆಟ್ಟಿಗೆ ಬೆಂಕಿಪೊಟ್ಟಣದಷ್ಟು ದೊಡ್ಡ ಅಗ್ಗದ ಬ್ಲೂಟೂತ್ ಸಾಧನ ಸಿಕ್ಕಿಸಿದರೆ ಎಂಜಿನ್ ತನ್ನ ನೋವನ್ನು ಮೊಬೈಲಿನಲ್ಲಿ ಹೇಳಿಕೊಳ್ಳುತ್ತದೆ. ಪಿ0300 ಎಂದರೆ ಕಿಡಿ ತಪ್ಪುತ್ತಿದೆ, ಪಿ0171 ಎಂದರೆ ಗಾಳಿಗೆ ಹೋಲಿಸಿದರೆ ಪೆಟ್ರೋಲ್ ಕಡಿಮೆ. ಎರಡನೆಯದು ಪ್ಲಗ್ಗಿನ ಬಿಳಿ ಬಣ್ಣ ಹೇಳುತ್ತಿದ್ದ ಮಾತೇ ಅಲ್ಲವೇ? ಅಂದಿನಂತೆ ಇಂದೂ ಲಕ್ಷಣ ತಿಳಿಯುತ್ತದೆಯೇ ಹೊರತು ಕಾರಣವಲ್ಲ; ಬಿರುಕುಬಿಟ್ಟ ವ್ಯಾಕ್ಯೂಮ್ ಪೈಪೋ, ಕೊಳೆಯಾದ ಸೆನ್ಸರೋ ಎಂದು ಹುಡುಕುವ ಕೆಲಸ ಮನುಷ್ಯನದೇ. ಯಂತ್ರ ಜಟಿಲವಾದಂತೆ ಅದನ್ನು ಓದುವ ದಾರಿಯೂ ಸುಲಭವಾಯಿತು.

ಹಾಗಾದರೆ ಬಾಗಿಲು ಮುಚ್ಚಿದ್ದು ಎಲ್ಲಿ? ಭಾರತದ ಸ್ಪರ್ಧಾ ಆಯೋಗ 2014ರ ಆಗಸ್ಟ್ 25ರಂದು ಕೊಟ್ಟ ಆದೇಶ ಇದಕ್ಕೆ ಉತ್ತರ. ಬಿಡಿಭಾಗಗಳನ್ನೂ ದೋಷಪತ್ತೆಯ ಉಪಕರಣಗಳನ್ನೂ ಮುಕ್ತ ಮಾರುಕಟ್ಟೆಗೆ ಬಿಡದೆ, ಅಧಿಕೃತ ಡೀಲರುಗಳಿಗಷ್ಟೇ ಮೀಸಲಿಟ್ಟದ್ದಕ್ಕಾಗಿ 14 ಕಾರು ಕಂಪನಿಗಳಿಗೆ ಒಟ್ಟು ಸುಮಾರು 2,545 ಕೋಟಿ ರೂಪಾಯಿ ದಂಡ ವಿಧಿಸಲಾಯಿತು. ಸುರಕ್ಷತೆ, ಬೌದ್ಧಿಕ ಹಕ್ಕು ಎಂಬ ಕಂಪನಿಗಳ ಸಮರ್ಥನೆಯನ್ನು ಆಯೋಗ ಒಪ್ಪಲಿಲ್ಲ. ಹೊರಗೆ ರಿಪೇರಿ ಮಾಡಿಸಿದ ಒಂದೇ ಕಾರಣಕ್ಕೆ ವಾರಂಟಿ ರದ್ದೆಂಬ ಸಾರಾಸಗಟು ಷರತ್ತನ್ನೂ ಹಾಕಬಾರದೆಂದಿತು. ಆದೇಶದ ಮೇಲೆ ಕಾನೂನು ಹೋರಾಟ ಮುಂದುವರಿಯಿತು, ನಿಜ. ಆದರೆ ಕಾರು ಕೈಗೆ ಸಿಗದಂತಾದದ್ದು ಸ್ವಾಭಾವಿಕವಲ್ಲ, ಯಾರೋ ತೆಗೆದುಕೊಂಡ ವ್ಯಾಪಾರ ನಿರ್ಧಾರ ಎಂಬುದು ದಾಖಲಾಯಿತು. ಅದಕ್ಕೆ ಎರಡು ವರ್ಷ ಮೊದಲೇ ಅಮೆರಿಕದ ಮೆಸಾಚುಸೆಟ್ಸ್ ರಾಜ್ಯದ ಮತದಾರರು ದುರಸ್ತಿಯ ಹಕ್ಕನ್ನು ಶೇ 86ರಷ್ಟು ಮತಗಳಿಂದ ಗೆಲ್ಲಿಸಿದ್ದರು. ನಮ್ಮ ಗ್ರಾಹಕ ವ್ಯವಹಾರಗಳ ಇಲಾಖೆ 2022ರ ಡಿಸೆಂಬರ್‌ನಲ್ಲಿ ತೆರೆದ ದುರಸ್ತಿ ಹಕ್ಕಿನ ಪೋರ್ಟಲ್‌ನಲ್ಲಿ ವಾಹನಗಳೂ ಇವೆ.

ಬ್ರೇಕು, ಏರ್‌ಬ್ಯಾಗಿನಂಥ ಜೀವದ ಪ್ರಶ್ನೆಯನ್ನು ಅರೆತಿಳಿವಳಿಕೆಯವರ ಕೈಗೆ ಕೊಡಬಹುದೇ ಎಂಬ ಆಕ್ಷೇಪಕ್ಕೆ ತೂಕವಿದೆ. ಏರ್‌ಬ್ಯಾಗ್ ಮುಟ್ಟಬಾರದು. ಚಕ್ರ ಬದಲಿಸಲೆಂದು ಕೊಟ್ಟಿರುವ ಜಾಕ್ ಒಂದನ್ನೇ ನಂಬಿ ಕಾರಿನಡಿ ಎಂದೂ ತೂರಬಾರದು. ಸ್ಟ್ಯಾಂಡ್ ಇಲ್ಲದೆ ಆ ಕೆಲಸವೇ ಬೇಡ. ಆದರೆ ಗ್ಲೋವ್ ಬಾಕ್ಸ್ ಹಿಂದಿನ ಕ್ಯಾಬಿನ್ ಫಿಲ್ಟರ್, ಏರ್ ಫಿಲ್ಟರ್, ವೈಪರ್, ಬಲ್ಬು, ಬ್ಯಾಟರಿ ತುದಿಗಳ ಬಿಳಿ ಪುಡಿ, ಚಕ್ರ ತಣ್ಣಗಿರುವಾಗ ನೋಡಬೇಕಾದ ಗಾಳಿಯ ಒತ್ತಡ ಇವೆಲ್ಲ ಸುರಕ್ಷತೆಯನ್ನು ಹೆಚ್ಚಿಸುವ ಕೆಲಸಗಳೇ. ಬ್ರೇಕ್ ಎಣ್ಣೆ ಗಾಳಿಯ ತೇವವನ್ನು ಹೀರಿಕೊಳ್ಳುತ್ತದೆ, ತೇವ ಸೇರಿದ ಎಣ್ಣೆ ಘಾಟಿಯ ಇಳಿಜಾರಿನಲ್ಲಿ ಕುದಿದು ಬ್ರೇಕ್ ಹಿಡಿಯದಂತಾಗುತ್ತದೆ ಎಂದು ತಿಳಿದ ಮಾಲೀಕ ತಾನೇ ಬದಲಿಸದಿದ್ದರೂ ಹೊತ್ತಿಗೆ ಸರಿಯಾಗಿ ಬದಲಿಸುವಂತೆ ಕೇಳುತ್ತಾನೆ. ಮಾರ್ಪಾಡಿನ ವಿಷಯದಲ್ಲಿ ಗೆರೆ ಇನ್ನೂ ಸ್ಪಷ್ಟವಾಗಿರಬೇಕು. ಮೋಟಾರು ವಾಹನ ಕಾಯ್ದೆಯ 52ನೇ ವಿಧಿ ತಯಾರಕರ ಮೂಲ ವಿವರಗಳಿಗೆ ವಿರುದ್ಧವಾದ ಬದಲಾವಣೆಗೆ ಒಪ್ಪುವುದಿಲ್ಲ, 2019ರಲ್ಲಿ ಸುಪ್ರೀಂ ಕೋರ್ಟೂ ಅದನ್ನೇ ಎತ್ತಿ ಹಿಡಿಯಿತು. ಕಣ್ಣು ಕುಕ್ಕುವ ಬಲ್ಬು, ಮುಂದಿನ ಬುಲ್ ಬಾರ್ ಎದುರಿನವರಿಗೆ ಅಪಾಯ, ಅವಕ್ಕೆ ನನ್ನ ಬೆಂಬಲವಿಲ್ಲ. ಒಳಗಿನ ಮಂದ ದೀಪದ ಬದಲು ಎಲ್‌ಇಡಿ, ಹಿಂಬದಿ ಕ್ಯಾಮೆರಾ ಇಂಥವಕ್ಕೆ ಯಾರ ತಕರಾರೂ ಇರಲಾರದು. ಅಲ್ಲಿಯೂ ತಿಳಿವಳಿಕೆಯೇ ಕಾಯುವುದು: ಹೆಚ್ಚು ಕರೆಂಟ್ ಎಳೆಯುವ ಸಾಧನಕ್ಕೆ ರಿಲೇ ಮತ್ತು ಫ್ಯೂಸ್ ಇಲ್ಲದೆ ತಂತಿ ಜೋಡಿಸಿದರೆ ಅದು ಬಿಸಿಯಾಗಿ ಬೆಂಕಿ ಹತ್ತಬಹುದು.

ಮಾಲೀಕರೇ ಎಲ್ಲ ಮಾಡಿಕೊಂಡರೆ ಬೀದಿಬದಿಯ ಮೆಕ್ಯಾನಿಕ್ ಗತಿಯೇನು ಎಂಬ ಮಾತು ನನ್ನನ್ನು ಹೆಚ್ಚು ಕಾಡುತ್ತದೆ. ಅವನ ಅನ್ನ ಕಸಿಯುತ್ತಿರುವುದು ಭಾನುವಾರ ಫಿಲ್ಟರ್ ಬದಲಿಸುವ ಗೃಹಸ್ಥನಲ್ಲ. ಕಂಪನಿಯ ಸಾಫ್ಟ್‌ವೇರ್ ಇಲ್ಲದೆ ಹೊಸ ಭಾಗವನ್ನು ಕಾರು ಗುರುತಿಸದಂತೆ ಮಾಡುವ ಬೀಗ ಇಬ್ಬರನ್ನೂ ಹೊರಗಿಡುತ್ತದೆ. ವಿದ್ಯುತ್ ಕಾರಿನಲ್ಲಿ ಈ ಪ್ರಶ್ನೆ ಇನ್ನಷ್ಟು ಮೊನಚಾಗುತ್ತಿದೆ. ನೂರಾರು ವೋಲ್ಟ್ ಹರಿಯುವ ಕಿತ್ತಳೆ ಬಣ್ಣದ ಕೇಬಲ್ಲುಗಳನ್ನು ತರಬೇತಿಯಿಲ್ಲದವರು ಮುಟ್ಟಲೇಬಾರದು. ಆದರೆ ವೈಪರ್, ಫಿಲ್ಟರ್, 12 ವೋಲ್ಟಿನ ಪುಟ್ಟ ಬ್ಯಾಟರಿ ಅಲ್ಲಿಯೂ ಇವೆ. ಇನ್ನು ಕಾರಿನ ಬೆಲೆಯಲ್ಲಿ ದೊಡ್ಡ ಪಾಲಾದ ಮುಖ್ಯ ಬ್ಯಾಟರಿಯ ಪ್ರತಿ ಕೋಶದ ಸ್ಥಿತಿಯೂ ಕಾರಿನ ಗಣಕಕ್ಕೆ ಸದಾ ಗೊತ್ತಿರುತ್ತದೆ. ಒ.ಬಿ.ಡಿ. ನಿಯಮ ಹೊಗೆಗಾಗಿ ಹುಟ್ಟಿದ್ದರಿಂದ ಹೊಗೆಯಿಲ್ಲದ ಕಾರು ಅದರ ಹಿಡಿತಕ್ಕೆ ಸಿಗುವುದಿಲ್ಲ. 2026ರ ಮಾದರಿಗಳಿಂದ ಬ್ಯಾಟರಿಯ ಆರೋಗ್ಯವನ್ನು ಮಾಲೀಕನಿಗೆ ಕಾಣುವಂತೆ ತೋರಿಸಬೇಕೆಂದು ಕ್ಯಾಲಿಫೋರ್ನಿಯಾ ನಿಯಮ ರೂಪಿಸಿತು. ಬೆಂಗಳೂರಿನಲ್ಲಿ ಹಳೆಯ ವಿದ್ಯುತ್ ಕಾರು ಕೊಳ್ಳಲು ಹೊರಟವನಿಗೂ ಮೊದಲು ಬೇಕಾದದ್ದು ಆ ಒಂದು ಅಂಕಿಯೇ.